ಹೂಂ ಎಂದ ತಪ್ಪಿಗೆ

ಮೇಸ್ತ್ರಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು ಇಡೀ ಬೀದಿಗೆ ಗೊತ್ತಿತ್ತು, ಮೇಸ್ತ್ರಿಯೊಬ್ಬರನ್ನು ಬಿಟ್ಟು. ಅವರಿಗೂ ಗೊತ್ತಿತ್ತು ಅನ್ನಿ, ಆದರೆ ಒಪ್ಪಿಕೊಳ್ಳುವ ಜಾಯಮಾನ ಅವರದ್ದಲ್ಲ. ಪಕ್ಕದ ಮನೆಯವರು "ಬಿಸಿಲು ಜಾಸ್ತಿ ಅಲ್ವಾ ಮೇಸ್ತ್ರಿ" ಅಂದರೂ "ಹೂಂ", "ನಿಮ್ಮನೆ ನಲ್ಲಿ ಸೋರ್ತಾ ಇದೆ" ಅಂದರೂ "ಹೂಂ". ಆ ಹೂಂ ಅನ್ನುವ ಚೆಂದವೇ ಬೇರೆ. ತಲೆ ಒಂಚೂರು ಓರೆ ಮಾಡಿ, ಎದುರಿನವರ ಹುಬ್ಬು ನೋಡಿ, ಮಾತು ಮುಗಿದ ಜಾಗಕ್ಕೆ ಸರಿಯಾಗಿ ತಂದು ಇಡುತ್ತಿದ್ದರು. ಹೊಸಬರಿಗೆ ಜಪ್ಪಯ್ಯ ಅಂದರೂ ಗುಟ್ಟು ಗೊತ್ತಾಗುತ್ತಿರಲಿಲ್ಲ. ನಲ್ಲಿ ಮಾತ್ರ ಸೋರುತ್ತಲೇ ಇತ್ತು.

ಇದು ಬಾಯ್ಲರ್ ಶೆಡ್ಡಿನಲ್ಲಿ ಕಲಿತ ವಿದ್ಯೆ. ಬಾಯ್ಲರಿನ ಹೊಟ್ಟೆಯೊಳಗೆ ಕೂತು ದಿನವಿಡೀ ಸುತ್ತಿಗೆ ಬಡಿಯುವ ಕೆಲಸ. ಒಳಗೆ ಇಳಿದವನ ಕಿವಿ ಉಳಿದದ್ದುಂಟೇ? ಕಾರ್ಖಾನೆಯವರು ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸುತ್ತಿದ್ದರು. ಕಿವಿಗೆ ಒಂದು ಸಾಧನ ಸಿಕ್ಕಿಸಿ, ಡಾಕ್ಟರು ಗುಂಡಿ ಒತ್ತುವುದು, ಶಬ್ದ ಕೇಳಿಸಿದರೆ ಇವರು ಹೂಂ ಅನ್ನುವುದು. ಹೂಂ ಅನ್ನದವನನ್ನು ಅಂಗಳ ಗುಡಿಸಲು ಹಾಕುತ್ತಿದ್ದರು, ಅರ್ಧ ಸಂಬಳಕ್ಕೆ. ಹೊಟ್ಟೆಪಾಡು ನೋಡಿ, ಎಂಥವನಿಗೂ ಬುದ್ಧಿ ಬಂದುಬಿಡುತ್ತೆ. ಶೆಡ್ಡಿನವರೆಲ್ಲ ಡಾಕ್ಟರ ಹೆಬ್ಬೆರಳನ್ನೇ ನೋಡುತ್ತಾ ಕೂರುವುದನ್ನು ಕಲಿತರು. ಹೆಬ್ಬೆರಳು ಇಳಿದರೆ ಹೂಂ. ಹೀಗೆ ಆ ಶೆಡ್ಡಿನ ಕಿವುಡರೆಲ್ಲ ಪ್ರತಿ ವರ್ಷ ಪಾಸಾದರು, ಮೇಸ್ತ್ರಿ ಎಲ್ಲರಿಗಿಂತ ಚೆನ್ನಾಗಿ ಪಾಸಾದರು.

ಮೇಸ್ತ್ರಿಯ ಹೆಂಡತಿಯನ್ನು ಬೀದಿಯವರೆಲ್ಲ ದೊಡ್ಡಮ್ಮ ಅನ್ನುತ್ತಿದ್ದರು. ಗಂಡನ ಬಲಗಿವಿಗೆ ಬಾಯಿ ಇಟ್ಟು ಕೂಗಿ ಕೂಗಿ ಆಕೆಯ ಗಂಟಲೇ ಒಡೆದಿತ್ತು. ಮಾರುಕಟ್ಟೆಯಲ್ಲಿ ಟೊಮೆಟೊ ಕೇಳಿದರೂ ಜಗಳಕ್ಕೆ ಬಂದಳೇನೋ ಅನ್ನಬೇಕು, ಹಾಗೆ. ಇಬ್ಬರಿಗೂ ಮಕ್ಕಳಿರಲಿಲ್ಲ. ಇದ್ದದ್ದು ಎರಡು ಕೋಣೆಯ ಬಾಡಿಗೆ ಮನೆ, ಕಾರ್ಖಾನೆಯ ಪಿಂಚಣಿ. ಪಿಂಚಣಿ ದೊಡ್ಡದೇನಲ್ಲ, ಆದರೆ ಖಾತ್ರಿಯದು. ಮೇಸ್ತ್ರಿ ಇರುವಷ್ಟು ಕಾಲ ತಿಂಗಳ ಮೊದಲಿಗೆ ಬಂದು ಬೀಳಬೇಕು, ಅವರ ನಂತರ ಅರ್ಧ ದೊಡ್ಡಮ್ಮನಿಗೆ. ಪ್ರಪಂಚ ತಲೆಕೆಳಗಾದರೂ ಅದು ಅಲ್ಲಾಡುವಂಥದ್ದಲ್ಲ ಅಂತ ದೊಡ್ಡಮ್ಮ ನೆಮ್ಮದಿಯಾಗಿದ್ದರು.

ಆ ನೆಮ್ಮದಿಗೆ ಕಲ್ಲು ಹಾಕಲು ಒಬ್ಬ ಬಂದ. ಟೈ ಕಟ್ಟಿದ್ದ, ಬಾಗಿಲಲ್ಲೇ ಬೂಟು ಬಿಚ್ಚಿದ, ಬಂದ ಗಳಿಗೆಯಲ್ಲೇ "ದೊಡ್ಡಪ್ಪ, ದೊಡ್ಡಮ್ಮ" ಅಂತ ಶುರು ಹಚ್ಚಿಕೊಂಡ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ದೊಡ್ಡಮ್ಮ ಮಹಡಿ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ಅವನು ಮೇಸ್ತ್ರಿಯ ಎದುರು ಕುರ್ಚಿ ಎಳೆದು ಕೂತಿದ್ದ. ಬಟ್ಟೆ ಹೊತ್ತು ಇಳಿದು ಬಂದರೆ ಮೇಸ್ತ್ರಿ ಕಿವಿಗೆ ಅವನ ಫೋನು ಹಿಡಿದುಕೊಂಡು ಜರ್ಬಿನಿಂದ ಹೂಂ, ಹೂಂ ಅನ್ನುತ್ತಿದ್ದಾರೆ, ಅವನು ಎದುರಿಗೆ ಕೂತು ತಲೆಯಾಡಿಸುತ್ತಿದ್ದಾನೆ. ಎಷ್ಟೋ ವರ್ಷದ ಮೇಲೆ ಯಜಮಾನರು ಫೋನಲ್ಲಿ ಮಾತಾಡ್ತಾ ಇದಾರಲ್ಲ ಅಂತ ದೊಡ್ಡಮ್ಮನಿಗೆ ಖುಷಿಯೇ ಆಯಿತು. ಅವನಿಗೆ ಕುಡಿಯಲು ನೀರು ಬೇರೆ ಕೊಟ್ಟರು.

ಮೇಸ್ತ್ರಿ ಅವತ್ತು ಖಾತ್ರಿ ಪಿಂಚಣಿಯನ್ನು ಬಿಟ್ಟುಕೊಟ್ಟಿದ್ದರು. ಅದರ ಬದಲಿಗೆ ಸಿಕ್ಕಿದ ಗಂಟೆಲ್ಲ ಆ ಟೈ ಕಟ್ಟಿದವನ ಕಂಪನಿ ಷೇರುಪೇಟೆಯಲ್ಲಿ ನಡೆಸುವ ಒಂದು ನಿಧಿಗೆ ಹೋಯಿತು. ಪೇಟೆ ಏರಿದರೆ ಹಬ್ಬ, ಇಳಿದರೆ ಗೋವಿಂದ. ಇಳಿಯಿತು. ಇಳಿದ ಮೇಲೂ ಕಂಪನಿಯ ಶುಲ್ಕ ಮಾತ್ರ ತಪ್ಪದೆ ಕಡಿತವಾಗುತ್ತಿತ್ತು. ತಿಂಗಳಿಗೆ ಬರುವ ಹಣ ಅರ್ಧವಾಯಿತು, ಕಾಲಾಯಿತು. ಟೈ ಕಟ್ಟಿದವನು ತನ್ನ ಕಮಿಷನ್ನು ಜೇಬಿಗಿಳಿಸಿ ಕೆಲಸ ಬಿಟ್ಟು ಹೋಗಿದ್ದ. ದೊಡ್ಡಮ್ಮ ಅವರಿವರನ್ನು ಕೇಳಿ, ಹೂಡಿಕೆದಾರರ ದೂರು ನೋಡುವ ಸರ್ಕಾರಿ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿ ದೂರು ಕೊಟ್ಟರು. ಹಳೇ ಪಿಂಚಣಿ ವಾಪಸು ಸಿಕ್ಕಿದರೆ ಮನೆ ಉಳಿಯುತ್ತೆ, ಇಲ್ಲದಿದ್ದರೆ ಸಾಮಾನು ಬೀದಿಗೆ. ಮನೆ ಮಾಲೀಕ ಆಗಲೇ ಬೇರೆಯವರಿಗೆ ಮನೆ ತೋರಿಸಲು ಶುರು ಮಾಡಿದ್ದ.

ವಿಚಾರಣೆಯ ದಿನ ಬೆಳಿಗ್ಗೆ ದೊಡ್ಡಮ್ಮ ಗಂಡನ ಬಲಗಿವಿಗೆ ಬಾಯಿ ಇಟ್ಟರು.

"ರೀ, ಇವತ್ತೊಂದು ದಿನ ಕಿವಿ ಕೇಳಲ್ಲ ಅಂತ ಒಪ್ಕೊಂಡ್ಬಿಡಿ."

"ಯಾರಿಗೆ ಕೇಳಲ್ಲ?"

"ನಿಮಗೆ."

"ನನಗೇನಾಗಿದೆ ಧಾಡಿ? ಗುಂಡುಕಲ್ಲಿನ ಹಾಗಿದೀನಿ."

"ಹಾಗಾದ್ರೆ ಅವತ್ತು ಫೋನಲ್ಲಿ ಕೇಳಿದ್ದಕ್ಕೆಲ್ಲ ತಿಳಿದೇ ಹೂಂ ಅಂದ್ರಾ?"

ಮೇಸ್ತ್ರಿ ಅಂಗಿಯ ಗುಂಡಿ ಹಾಕಿದರು. ಹಾಕಿದ ಗುಂಡಿಯನ್ನೇ ಬಿಚ್ಚಿ ಮತ್ತೆ ಹಾಕಿದರು. ಆಮೇಲೆ ಗೋಡೆ ಕಡೆ ತಿರುಗಿ ಅಂದರು, "ಬೇಕಾದ್ರೆ ನಾನು ದಡ್ಡ ಅಂತ ಹೇಳು. ಕಿವುಡ ಅಂತ ಮಾತ್ರ ಹೇಳ್ಬೇಡ ಕಣೇ."

ಅಲ್ಲಾ, ಕೆಲಸವೂ ಮುಗಿದಿದೆ, ಶೆಡ್ಡೂ ಇಲ್ಲ, ಅಂಗಳ ಗುಡಿಸು ಅನ್ನುವವರೂ ಇಲ್ಲ. ಆದರೂ ಆ ಭಯ ಮನುಷ್ಯನ ಮೂಳೆಗೆ ಇಳಿದುಬಿಟ್ಟಿತ್ತು. ದೊಡ್ಡಮ್ಮನಿಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನಿಸಿತು. ಬಸ್ಸಿಗೆ ಹೊತ್ತಾಗುತ್ತೆ ಅಂತ ಕೈ ಹಿಡಿದು ಹೊರಟರು.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ಗರಗರ ಅನ್ನುತ್ತಿತ್ತು. ಉದ್ದ ಮೇಜಿನ ಆ ಕಡೆ ಅಧಿಕಾರಿ, ನಡುವಯಸ್ಸಿನ ಹೆಂಗಸು, ಶೀತವಾಗಿ ಕೈಯಲ್ಲಿ ಕರವಸ್ತ್ರ. ಪಕ್ಕಕ್ಕೆ ಕಂಪನಿಯ ವಕೀಲ. ವಕೀಲ ಮಾತು ಬೆಳೆಸಲಿಲ್ಲ, ಅವತ್ತಿನ ಕರೆಯ ರೆಕಾರ್ಡು ಹಾಕಿದ. ಮಾರಾಟ ಆದ ಮೇಲೆ ಗ್ರಾಹಕರಿಗೆ ಫೋನು ಮಾಡಿ ಒಪ್ಪಿಗೆ ಪಡೆಯಬೇಕು, ಅದು ನಿಯಮ, ಪಡೆದಿದ್ದೇವೆ ಅಂದ. ರೆಕಾರ್ಡಿನಲ್ಲಿ ಒಂದು ಹುಡುಗಿ ಪಾಠ ಒಪ್ಪಿಸುವ ಹಾಗೆ ಉಸಿರು ಬಿಡದೆ ಕೇಳುತ್ತಿದ್ದಳು.

"ಖಾತ್ರಿ ಪಿಂಚಣಿಯ ಹಕ್ಕನ್ನು ಶಾಶ್ವತವಾಗಿ ಬಿಟ್ಟುಕೊಡ್ತಾ ಇದೀರಿ, ಸರಿನಾ ಸರ್?"

"ಹೂಂ."

"ನಷ್ಟ ಆದರೆ ಕಂಪನಿ ಹೊಣೆಯಲ್ಲ, ತಿಳೀತಾ ಸರ್?"

"ಹೂಂ."

"ನಿಮ್ಮ ನಂತರ ನಿಮ್ಮ ಪತ್ನಿಗೆ ಬರಬೇಕಾದ ಪಾಲು ಇರೋದಿಲ್ಲ, ಒಪ್ಪಿಗೆನಾ ಸರ್?"

"ಹೂಂ."

ದೊಡ್ಡಮ್ಮ ಗಂಡನ ಕಡೆ ತಿರುಗಿದರು. ತನ್ನ ಬಾಳಿನ ಕೊನೆಗಾಲವನ್ನೇ ಯಜಮಾನರು ಹಾಗೆ ಒಂದು ಹೂಂನಲ್ಲಿ ದಾಟಿಸಿಬಿಟ್ಟಿದ್ದರು, ಅದೂ ಅಷ್ಟು ಠೀವಿಯಿಂದ. ಆ ಟೈ ಕಟ್ಟಿದವನು ಎದುರಿಗೆ ಕೂತು ತಲೆಯಾಡಿಸಿದ್ದು ಮಾತ್ರ ರೆಕಾರ್ಡಿನಲ್ಲಿ ಎಲ್ಲೂ ಇಲ್ಲ. ತಲೆಯಾಡಿಸಿದರೆ ಸದ್ದಾಗುವುದಿಲ್ಲವಲ್ಲ. ಮೇಸ್ತ್ರಿ ತಮ್ಮದೇ ಧ್ವನಿ ಮೇಜಿನ ಮೇಲೆ ಮಾತಾಡುತ್ತಿದ್ದರೂ ಅದರ ಪರಿವೆಯಿಲ್ಲದೆ ಅಧಿಕಾರಿಯ ಮುಖವನ್ನೇ ನೋಡುತ್ತಿದ್ದರು.

"ಈ ಧ್ವನಿ ನಿಮ್ಮದೇನಾ?" ಅಂತ ಅಧಿಕಾರಿ ಕೇಳಿದರು.

"ಹೂಂ."

"ಅವತ್ತು ಕೇಳಿದ್ದೆಲ್ಲ ನಿಮಗೆ ಅರ್ಥ ಆಗಿತ್ತಾ?"

"ಹೂಂ."

ವಕೀಲ ಪೆನ್ನಿನ ಮುಚ್ಚಳ ಹಾಕಿದ. ಅವನ ಕೆಲಸ ಅಲ್ಲಿಗೆ ಮುಗಿದಿತ್ತು. ದೊಡ್ಡಮ್ಮ ತಡೆದುಕೊಳ್ಳಲಾರದೆ ಎದ್ದರು. "ಅಮ್ಮಾ, ಅವರಿಗೆ ಕಿವಿ ಕೇಳಿಸೋದೇ ಇಲ್ಲ. ನೀವು ಕೇಳಿದ್ದೂ ಕೇಳಿಸಿಲ್ಲ, ಆ ಹುಡುಗಿ ಕೇಳಿದ್ದೂ ಕೇಳಿಸಿಲ್ಲ."

"ಮೇಡಂ," ಅಂದ ವಕೀಲ, ಕೂತಲ್ಲಿಂದಲೇ. "ಕಾರ್ಖಾನೆಯ ದಾಖಲೆ ತರಿಸಿದೀವಿ. ಇವರು ನಿವೃತ್ತಿ ಆಗೋವರೆಗೂ ಪ್ರತಿ ವರ್ಷ ಕಿವಿ ಪರೀಕ್ಷೆ ಪಾಸಾಗಿದಾರೆ."

ಅಧಿಕಾರಿ ತಮ್ಮ ಕಿವಿ ಮುಟ್ಟಿ, ಹೌದಾ ಅನ್ನುವ ಹಾಗೆ ಮೇಸ್ತ್ರಿಯ ಕಡೆ ಕೈ ತಿರುಗಿಸಿದರು. ಇದು ಮಾತ್ರ ಮೇಸ್ತ್ರಿಗೆ ಚೆನ್ನಾಗಿ ಅರ್ಥವಾಯಿತು. ಬೆನ್ನು ನೆಟ್ಟಗೆ ಮಾಡಿ ಕೂತು, "ನನ್ನ ಕಿವಿಗೇನೂ ಆಗಿಲ್ಲ ಮೇಡಂ," ಅಂದರು. ಹೇಳಿದ್ದು ಎಷ್ಟು ಗಟ್ಟಿಯಾಗಿತ್ತೆಂದರೆ ಹೊರಗಿದ್ದ ಜವಾನ ಇಣುಕಿ ನೋಡಿದ.

ದೊಡ್ಡಮ್ಮನಿಗೆ ಬೇರೆ ದಾರಿಯೇ ಉಳಿದಿರಲಿಲ್ಲ. ಕುರ್ಚಿ ಸರಿಸಿ, ನಡೆದು ಹೋಗಿ ಗಂಡನ ಬೆನ್ನ ಹಿಂದೆ ನಿಂತರು. ತುಟಿ ಕಾಣಿಸುವುದಿಲ್ಲ, ಮುಖ ಕಾಣಿಸುವುದಿಲ್ಲ. ಮೇಜಿನ ಆ ಕಡೆಯವರಿಗೆ ಸ್ಪಷ್ಟವಾಗಿ ಕೇಳುವ ಹಾಗೆ, ಆ ಹುಡುಗಿಯ ಧಾಟಿಯಲ್ಲೇ ಅಂದರು, "ಸರ್, ನಿಮ್ಮ ಹೆಂಡತಿಯನ್ನ ಬೀದಿಗೆ ತಳ್ತಾ ಇದೀರಿ, ಒಪ್ಪಿಗೆನಾ ಸರ್?"

ಅಧಿಕಾರಿಯ ಹುಬ್ಬು ಮೇಲೇರಿತು. ಮೇಸ್ತ್ರಿ ಆ ಹುಬ್ಬು ನೋಡಿದರು. ತಲೆ ಓರೆ ಮಾಡಿದರು.

"ಹೂಂ."

"ಅವಳು ಕಾಯಿಲೆ ಬಿದ್ರೆ ಒಂದು ಮಾತ್ರೆಗೂ ಕಾಸಿರೋದಿಲ್ಲ. ಪರವಾಗಿಲ್ವಾ ಸರ್?"

"ಹೂಂ," ಅಂದರು ಮೇಸ್ತ್ರಿ, ಸ್ವಲ್ಪ ನಗುತ್ತಾ. ಪರೀಕ್ಷೆ ಚೆನ್ನಾಗಿ ನಡೀತಿದೆ ಅನಿಸಿರಬೇಕು.

ವಕೀಲ ಮೇಜು ನೋಡುತ್ತಿದ್ದ. ಅಧಿಕಾರಿಯ ಕಣ್ಣು ತಮ್ಮನ್ನು ದಾಟಿ ಹಿಂದಕ್ಕೆ ಹೋಗಿದ್ದನ್ನು ಮೇಸ್ತ್ರಿ ಕಂಡರು. ಮೆಲ್ಲಗೆ ಹಿಂತಿರುಗಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಗು ಮೇಸ್ತ್ರಿಯ ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು, ಇಳಿಸುವುದು ಮರೆತುಹೋದ ಹಾಗೆ. ಆಮೇಲೆ ಅವರು ತಮ್ಮ ಎರಡು ಕೈ ನೋಡಿಕೊಂಡು ಕೂತರು.

ಅಧಿಕಾರಿ ಕನ್ನಡಕ ತೆಗೆದಿಟ್ಟರು. "ಅಮ್ಮಾ, ನಾನು ಕಣ್ಣಾರೆ ನೋಡಿದೆ, ಇಲ್ಲ ಅನ್ನೋದಿಲ್ಲ. ಆದರೆ ನಿಯಮ ಕೇಳೋದು ಒಪ್ಪಿಗೆಯ ಧ್ವನಿ ರೆಕಾರ್ಡ್ ಆಗಿದೆಯಾ ಅಂತ, ಅಷ್ಟೇ. ಅವರಿಗೆ ಕೇಳಿಸಿತಾ, ತಿಳೀತಾ ಅಂತ ನೋಡಿ ಅಂತ ಅದರಲ್ಲಿ ಎಲ್ಲೂ ಇಲ್ಲ."

"ಹಾಗಾದ್ರೆ ಆ ನಿಯಮ ಕಾಪಾಡೋದು ಯಾರನ್ನ ತಾಯಿ? ನಮ್ಮನ್ನೋ, ಅವರನ್ನೋ?"

ಅಧಿಕಾರಿ ಮೂಗು ಒರೆಸಿಕೊಂಡರು. "ನಾನು ಮೇಲಕ್ಕೆ ಬರೀತೀನಿ. ಇವತ್ತು ನಡೆದದ್ದನ್ನ ಇದ್ದ ಹಾಗೇ ಬರೀತೀನಿ," ಅಂದರು. ಬರೆಯುವುದರಿಂದ ಬಾಡಿಗೆ ಕಟ್ಟಲಾಗುತ್ತದೆಯೇ ಅಂತ ದೊಡ್ಡಮ್ಮನ ನಾಲಿಗೆ ತುದಿವರೆಗೆ ಬಂತು. ಆದರೆ ಆ ಹೆಂಗಸಿನ ದನಿ ನಿಜವಾಗಿ ನೊಂದಂತಿತ್ತು, ಅದಕ್ಕೆ ನುಂಗಿಕೊಂಡರು.

ಬಸ್‌ಸ್ಟಾಪಿನಲ್ಲಿ ಮೇಸ್ತ್ರಿ ಬಹಳ ಹೊತ್ತು ರಸ್ತೆ ನೋಡಿದರು. "ಹಿಂದೆ ನಿಂತು ಏನು ಕೇಳಿದೆ?"

"ನೀರು ಬೇಕಾ ಅಂತ ಕೇಳಿದೆ."

ಮೇಸ್ತ್ರಿ ಆಕೆಯ ತುಟಿ ನೋಡಿದರು, ಕಣ್ಣು ನೋಡಿದರು. "ಹೂಂ," ಅಂದರು. ನಂಬಿದರೋ ಇಲ್ಲವೋ ದೊಡ್ಡಮ್ಮನಿಗೆ ತಿಳಿಯಲಿಲ್ಲ.

ದೂರು ವಜಾ ಆಯಿತು. ಮನೆ ಬಿಟ್ಟರು. ಒಂದು ವೆಲ್ಡಿಂಗ್ ಅಂಗಡಿಯ ಹಿಂದೆ ಒಂಟಿ ಕೋಣೆ ಸಿಕ್ಕಿತು. ಅಲ್ಲಿಯ ಗದ್ದಲಕ್ಕೆ ಬೇರೆಯವರು ನಿಲ್ಲುತ್ತಿರಲಿಲ್ಲ, ಮೇಸ್ತ್ರಿಗೇನು, ನಿದ್ದೆ ಬರುತ್ತಿತ್ತು. ಬಾರದಿದ್ದದ್ದು ದೊಡ್ಡಮ್ಮನಿಗೆ. ರಾತ್ರಿ ಒಗೆಯಲು ಅವರಿವರ ಬಟ್ಟೆ ತರಲು ಶುರು ಮಾಡಿದರು.

ಇಷ್ಟರ ನಡುವೆ ಆ ಅಧಿಕಾರಿ ಬರೆದದ್ದು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತ್ತು. ನಿಯಮ ಬದಲಾಯಿತು. ಇನ್ನು ಮುಂದೆ ಪಿಂಚಣಿ ಉಳಿತಾಯ ಮುಟ್ಟುವ ಯಾವ ಕರೆಯಲ್ಲೂ ಬರೀ ಹೂಂ ನಡೆಯುವುದಿಲ್ಲ. ಏನು ಕಳೆದುಕೊಳ್ಳುತ್ತಿದ್ದೇನೆ ಅನ್ನುವುದನ್ನು ಗ್ರಾಹಕ ತನ್ನ ಮಾತಿನಲ್ಲೇ ಹೇಳಬೇಕು. ಆ ಹೊತ್ತಿನಲ್ಲಿ ಮಾರಾಟಗಾರ ಆ ಕೋಣೆಯಲ್ಲಿ ಇರಕೂಡದು. ಎಂಥ ಒಳ್ಳೆಯ ನಿಯಮ ನೋಡಿ. ಕೊನೆಗೆ ಒಂದು ಸಾಲಿತ್ತು, ಹಿಂದೆ ಆಗಿಹೋದ ವ್ಯವಹಾರಗಳಿಗೆ ಇದು ಅನ್ವಯಿಸುವುದಿಲ್ಲ ಅಂತ.

ನಿಧಿಯಲ್ಲಿ ತಳ ಕೆರೆದರೆ ಸಿಗುವಷ್ಟು ಉಳಿದಿತ್ತು. ಅದನ್ನೂ ತೆಗೆದು ಒಂಟಿ ಕೋಣೆಯ ಬಾಕಿ ಬಾಡಿಗೆ ಕಟ್ಟಲೇಬೇಕಿತ್ತು, ನಾಳೆ ಕಡೆಯ ದಿನ ಅಂತ ಅಂಗಡಿಯವನು ಹೇಳಿ ಹೋಗಿದ್ದ. ಖಾತೆ ಮುಚ್ಚಲು ಕೇಳಿಕೊಂಡಿದ್ದಕ್ಕೆ ಕಂಪನಿಯ ಫೋನು ಬಂತು. ದೊಡ್ಡಮ್ಮ ಸ್ಪೀಕರ್ ಹಾಕಿದರು. ಅದೇ ಹುಡುಗಿಯ ದನಿ, ಆದರೆ ಈಗ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು.

"ಸರ್, ಹೂಂ ಅಂದ್ರೆ ಆಗಲ್ಲ, ಹೊಸ ನಿಯಮ. ಏನು ಮಾಡ್ತಾ ಇದೀರಿ ಅಂತ ನಿಮ್ಮ ಮಾತಲ್ಲೇ ಹೇಳ್ಬೇಕು."

ದೊಡ್ಡಮ್ಮ ಗಂಡನ ಕಿವಿಗೆ ಕೂಗಿದರು, "ನಿಮ್ಮ ಮಾತಲ್ಲೇ ಹೇಳ್ಬೇಕಂತೆ." ಖಾತೆ ಮುಚ್ಚುತ್ತಿದ್ದೇವೆ ಅಂತ ಹೇಳಿ ಅಂತ ಮೊದಲೇ ಪಾಠ ಮಾಡಿಸಿದ್ದರು.

ಮೇಸ್ತ್ರಿ ಫೋನು ಎತ್ತಿಕೊಂಡರು. ಅದನ್ನು ಕಿವಿಗೆ ಹಿಡಿಯಲಿಲ್ಲ, ಬಾಯಿಯ ಹತ್ತಿರ ಹಿಡಿದರು.

"ಅಮ್ಮಾ, ನನಗೆ ಕಿವಿ ಕೇಳಿಸೋದಿಲ್ಲ," ಅಂದರು. "ಬಾಯ್ಲರ್ ಶೆಡ್ಡಲ್ಲೇ ಹೋಯ್ತು. ಯಾರಿಗೂ ಹೇಳಿರಲಿಲ್ಲ. ಅವತ್ತೂ ಕೇಳಿಸಿರಲಿಲ್ಲ ನನಗೆ. ಎದುರಿಗೆ ಕೂತಿದ್ದವನು ತಲೆಯಾಡಿಸಿದ, ನಾನು ಹೂಂ ಅಂದೆ. ನೀನು ಏನು ಕೇಳಿದ್ಯೋ ಇವತ್ತಿಗೂ ಗೊತ್ತಿಲ್ಲ ನನಗೆ."

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಈ ಮಾತನ್ನು ವಿಚಾರಣೆಯ ಕೋಣೆಯಲ್ಲಿ ಆಡಿದ್ದರೆ ಅಂತ ಅನಿಸಿತು. ಈಗಲಾದರೂ ಅಂದರಲ್ಲ ಅಂತಲೂ ಅನಿಸಿತು.

"ಸಾರಿ ಸರ್," ಅಂದಳು ಆ ಕಡೆಯಿಂದ ಹುಡುಗಿ. "ಹಾಗಾದ್ರೆ ಈ ಕರೆ ಮುಂದುವರಿಸೋ ಹಾಗಿಲ್ಲ. ನಮ್ಮವರು ಮನೆಗೇ ಬಂದು, ಬರೆದು ತೋರಿಸಿ ವಿವರಿಸ್ಬೇಕು. ಮುಂದಿನ ತಿಂಗಳು ಬರ್ತಾರೆ. ಅಲ್ಲಿವರೆಗೂ ನಿಮ್ಮ ದುಡ್ಡನ್ನ ಯಾರೂ ಮುಟ್ಟೋ ಹಾಗಿಲ್ಲ ಸರ್. ನಿಮ್ಮ ರಕ್ಷಣೆಗೇ ಇದು."

ಫೋನು ಕಟ್ಟಾಯಿತು. ಹೊರಗೆ ಅಂಗಡಿಯವನು ಕಬ್ಬಿಣ ಕೊಯ್ಯುತ್ತಿದ್ದ. ಮೇಸ್ತ್ರಿಯ ಮುಖ ಬೆವರಿತ್ತು, ದೊಡ್ಡ ಹೊರೆ ಇಳಿಸಿ ಬಂದವರ ಹಾಗೆ ಹಗುರಾಗಿತ್ತು. ಹೆಂಡತಿಯ ಹುಬ್ಬು ನೋಡುತ್ತಾ ಕೇಳಿದರು, "ಸರಿಯಾಗಿ ಹೇಳಿದ್ನೇನೇ? ಕೆಲಸ ಆಯ್ತಂತಾ?"

ದೊಡ್ಡಮ್ಮ ತಲೆ ಒಂಚೂರು ಓರೆ ಮಾಡಿದರು.

"ಹೂಂ," ಅಂದರು.