ಎರಡನೆಯ ದಿಬ್ಬ

ನಾದಿನಿ ಅವನಿಗೆ ‘ಅರ್ಧಂಬರ್ಧ ಭಾವ’ ಎಂದು ಹೆಸರಿಟ್ಟಿದ್ದಳು. ಮುಖದ ಮುಂದೆಯೇ ಹಾಗೆ ಕರೆಯುತ್ತಿದ್ದಳು, ಅವನೂ ನಗುತ್ತಿದ್ದ. ನಗದೆ ಬೇರೆ ದಾರಿಯಿರಲಿಲ್ಲ. ಮನೆ ತುಂಬ ಸಾಕ್ಷಿಗಳಿದ್ದವು. ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟ ಮೂರು ಕಾಲಿನ ಕುರ್ಚಿಯಿತ್ತು. ನಾಲ್ಕನೆಯ ಕಾಲು ಕೊಯ್ಯುವ ಹೊತ್ತಿಗೆ ಅವನ ಬಡಗಿತನದ ಹುಚ್ಚು ಇಳಿದುಹೋಗಿತ್ತು. ಮೆಟ್ಟಿಲ ಕೆಳಗೆ ಮಡಕೆ ಮಾಡುವ ಚಕ್ರ, ಅದರ ಮೇಲೆ ಒಣಗಿ ಬಿರುಕುಬಿಟ್ಟ ಜೇಡಿಮಣ್ಣಿನ ಮುದ್ದೆ. ಕಪಾಟಿನ ನೆತ್ತಿಯ ಮೇಲೆ ಹೊಟ್ಟೆ ಬಿಚ್ಚಿಟ್ಟ ರೇಡಿಯೊ. ಪುಸ್ತಕಗಳಿಗೆ ರಟ್ಟು ಕಟ್ಟುವ ವಿದ್ಯೆಯಂತೂ ಮಗಳ ಒಂದೇ ಒಂದು ನಿಘಂಟಿನ ಮೇಲೆ ಪ್ರಯೋಗವಾಗಿ, ಅದು ‘ತ’ದಿಂದ ಶುರುವಾಗಿ ‘ಅ’ಕ್ಕೆ ಮುಗಿಯುತ್ತಿತ್ತು.

ಅವನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಅಂಗಡಿಯ ಹಿಂಭಾಗದ ಕಿರುಕೋಣೆಯಲ್ಲಿ ಕೂತು ಗಾಜಿನ ಅಂಚನ್ನು ಉಜ್ಜಿ ಫ್ರೇಮಿಗೆ ಕೂರಿಸುವುದು. ಡಾಕ್ಟರು ಬರೆದ ಚೀಟಿ ದಾಟಿ ಕೂದಲೆಳೆಯಷ್ಟೂ ಆಚೀಚೆ ಹೋಗುವಂತಿಲ್ಲ. ಆ ಕೆಲಸದಲ್ಲಿ ಅವನು ಏನನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಬಹುಶಃ ಅದಕ್ಕೇ, ಮನೆಗೆ ಬಂದ ಕೈಗಳಿಗೆ ಯಾರ ಚೀಟಿಯೂ ಇಲ್ಲದ ಕೆಲಸವೊಂದು ಬೇಕೆನಿಸುತ್ತಿತ್ತು.

ಒಂದು ದಿನ ಗಿರಾಕಿಯೊಬ್ಬ ಕೆಸರು ಮೆತ್ತಿದ ದೊಡ್ಡ ಗಾಗಲ್ಸ್ ತಂದು, ಅದರೊಳಗೆ ತನ್ನ ನಂಬರಿನ ಗಾಜು ಕೂರಿಸಿಕೊಡಲು ಆಗುತ್ತದೆಯೇ ಎಂದು ಕೇಳಿದ. ಇದೇನು ಎಂದಾಗ ಫೋನಿನಲ್ಲಿ ವಿಡಿಯೊ ತೋರಿಸಿದ. ಮಣ್ಣಿನ ಹಾದಿ, ಸಾಲು ಸಾಲು ದಿಬ್ಬ, ಅವುಗಳ ಮೇಲಿಂದ ಗಾಳಿಗೆ ಹಾರುವ ಬೈಕುಗಳು. ಗಿರಾಕಿ ಬ್ಯಾಂಕಿನಲ್ಲಿ ಗುಮಾಸ್ತ. ತಲೆ ನುಣ್ಣಗಿತ್ತು, ಹೊಟ್ಟೆಯೂ ಸಾಕಷ್ಟಿತ್ತು. ‘ಇವನೇ ಹಾರುತ್ತಾನೆ ಅಂದಮೇಲೆ’ ಎಂದುಕೊಂಡ ಇವನು, ಮುಂದಿನ ಭಾನುವಾರವೇ ಊರಾಚೆಯ ಆ ಮೋಟೋಕ್ರಾಸ್ ಟ್ರ್ಯಾಕಿನ ಬೇಲಿಯ ಬಳಿ ನಿಂತಿದ್ದ. ತಿಂಗಳು ತುಂಬುವುದರೊಳಗೆ ಹಳೆಯ ಬೈಕೊಂದು ಮನೆಯ ಶೆಡ್ಡಿಗೆ ಬಂತು.

“ಇದರ ಆಯಸ್ಸು ಎಷ್ಟು?” ಎಂದಳು ಹೆಂಡತಿ.

“ಎಂಜಿನ್ ಇನ್ನೂ ಗಟ್ಟಿಯಾಗಿದೆ.”

“ಎಂಜಿನ್ದಲ್ಲ ರೀ, ನಿಮ್ಮ ಹುಚ್ಚಿಂದು ಕೇಳಿದ್ದು.”

ಅವಳು ಕಾರಿನ ಸೀಟುಗಳಿಗೆ ಕವರ್ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ದಪ್ಪ ರೆಕ್ಸಿನ್ನಿನಲ್ಲಿ ಸೂಜಿ ಓಡಿಸಿ ಓಡಿಸಿ ಅವಳ ಮುಂಗೈಗಳು ಬಿಗಿಯಾಗಿದ್ದವು. ಬೈಕಿನ ಸೀಟು ಹರಿದು ಸ್ಪಂಜು ಹೊರಬಂದದ್ದು ಅವಳ ಕಣ್ಣಿಗೆ ಚುಚ್ಚಿತು. ಕೇಳದೆಯೇ ಬಿಚ್ಚಿಕೊಂಡು ಹೋಗಿ, ಜಾರದ ಒರಟು ಬಟ್ಟೆ ಹಾಕಿ ಹೊಲಿದು ತಂದಳು. ಓಡಿಸುವಾಗ ಮುಕ್ಕಾಲು ಪಾಲು ನಿಂತೇ ಇರಬೇಕು ಎಂದು ಅವನು ಹೇಳಿದಾಗ, “ಕೂರೋದೇ ಇಲ್ಲ ಅಂದ್ಮೇಲೆ ನನ್ನ ಕೈಲಿ ಇಷ್ಟು ಯಾಕೆ ಹೊಲಿಸಿದ್ರಿ?” ಎಂದು ಹೊಟ್ಟೆ ಹಿಡಿದು ನಕ್ಕಳು.

ಟ್ರ್ಯಾಕ್ ನೋಡಿಕೊಳ್ಳುತ್ತಿದ್ದವನಿಗೆ ಸೀಟಿ ಮಾಮ ಎಂದು ಹೆಸರು. ಕೊರಳಲ್ಲಿ ಸದಾ ಒಂದು ಸೀಟಿ, ಮಾತಿಗಿಂತ ಮೊದಲು ಅದನ್ನು ಊದುವ ಅಭ್ಯಾಸ. ಹೊಸಬರಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ ಪಾಠ: ಮಂಡಿಯಲ್ಲಿ ಟ್ಯಾಂಕು ಅಪ್ಪಿಕೊಳ್ಳಿ, ಕೈ ಸಡಿಲ ಬಿಡಿ, ಮುಂದಿನ ಗಾಲಿ ನೋಡಬೇಡಿ, ದೂರ ನೋಡಿ. ಆದರೆ ಇವನ ಕಣ್ಣು ಹುಟ್ಟಾ ಹತ್ತಿರದ್ದನ್ನು ನೋಡುವ ಕಣ್ಣು. ಗಾಲಿಯ ಕೆಳಗೆ ಬರುವ ಪ್ರತಿಯೊಂದು ಕಲ್ಲನ್ನೂ ನೋಡುತ್ತಿದ್ದ. ನೋಡಿದ್ದಕ್ಕೆಲ್ಲ ಹೆದರಿ ಬ್ರೇಕ್ ಹಿಡಿಯುತ್ತಿದ್ದ. ದಿಬ್ಬಗಳ ಮೇಲೆ ಹಾರುವುದಿರಲಿ, ಎಮ್ಮೆ ಹತ್ತಿದಂತೆ ಹತ್ತಿ ಇಳಿಯುತ್ತಿದ್ದ. ಆದರೂ ಖುಷಿಯಿತ್ತು. ಮೈಕೈಯೆಲ್ಲ ನೋಯುತ್ತ ಮಣ್ಣು ಮೆತ್ತಿಕೊಂಡು ಮನೆಗೆ ಬರುವುದರಲ್ಲೇ ಏನೋ ಒಂದು ಗತ್ತು.

ಮೂರ್ನಾಲ್ಕು ವಾರ ಕಳೆದಮೇಲೆ ಹೆಂಡತಿಯೂ ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದಳು. ಅವನು ಸುಸ್ತಾಗಿ ಹೆಲ್ಮೆಟ್ ತೆಗೆದು ಕೂತಾಗ, “ಹೊಲಿಗೆ ಸರಿಯಾಗಿ ಕೂತಿದೆಯಾ ನೋಡ್ಲಾ?” ಎಂದು ಬೈಕಿನ ಮೇಲೆ ಕಾಲು ಹಾಕಿದಳು. ಮದುವೆಗೆ ಮುಂಚೆ ಅಣ್ಣನ ಬೈಕ್ ಓಡಿಸುತ್ತಿದ್ದವಳು. ಸೀಟಿ ಮಾಮ ನೋಡಿ, “ಓಡ್ಸಮ್ಮ, ಯಾರು ಬೇಡ ಅಂದ್ರು?” ಎಂದ. ಗಂಡನ ಹೆಲ್ಮೆಟ್ಟು, ಗಂಡನ ಎದೆಕವಚ, ಎರಡೆರಡು ಜೊತೆ ಕಾಲುಚೀಲ ಹಾಕಿ ತುಂಬಿಸಿದ ಗಂಡನ ಬೂಟು. ಮೊದಲ ಸುತ್ತು ಮೆಲ್ಲಗೆ. ಎರಡನೆಯ ಸುತ್ತಿನಲ್ಲಿ ಎದ್ದು ನಿಂತಳು. ಮೂರನೆಯದರಲ್ಲಿ ಸೀಟಿ ಮಾಮ ಊದುವುದನ್ನೇ ಮರೆತು ನೋಡುತ್ತ ನಿಂತ.

ಅಂದು ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವಳ ಬಾಯಿಗೆ ಬಿಡುವಿರಲಿಲ್ಲ. ಅವನು ಅವಳನ್ನು ಅಷ್ಟು ಮಾತಾಡುವವಳಾಗಿ ನೋಡಿ ಎಷ್ಟೋ ವರ್ಷವಾಗಿತ್ತು. ಆ ಸಂಜೆ ಅವನಿಗೆ ಬರೀ ಸಂತೋಷವಾಗಿತ್ತು. ಇದನ್ನು ಹೇಳಲೇಬೇಕು, ಆಮೇಲಿನದ್ದೆಲ್ಲ ಆದರೂ ಆ ಸಂಜೆಯ ಸಂತೋಷ ಸುಳ್ಳಾಗಿರಲಿಲ್ಲ.

ನಂತರದ ಭಾನುವಾರಗಳು ಇಬ್ಬರದ್ದೂ ಆದವು. ಬೈಕು ಒಂದೇ. ಮೊದಮೊದಲು ಸರದಿ ಸರಿಸಮವಾಗಿತ್ತು. ಬರಬರುತ್ತ ಅವನ ಸರದಿ ಗಿಡ್ಡವಾಯಿತು, ಅವಳದು ಉದ್ದವಾಯಿತು. ಶನಿವಾರ ಸಂಜೆ ಏರ್ ಫಿಲ್ಟರಿನ ಸ್ಪಂಜು ತೊಳೆದು ಒಣಗಿಸುವವಳೂ ಅವಳೇ, ಚೈನು ಉಜ್ಜಿ ಎಣ್ಣೆ ಬಿಡುವವಳೂ ಅವಳೇ. ಟ್ರ್ಯಾಕಿನಲ್ಲಿ ಎರಡನೆಯ ದಿಬ್ಬ ಎಲ್ಲಕ್ಕಿಂತ ಎತ್ತರದ್ದು. ಅಲ್ಲಿ ಗಂಡಸರೂ ಉಸಿರು ಬಿಗಿಹಿಡಿಯುತ್ತಿದ್ದರು. ಅವಳು ಒಂದು ದಿನ ಅದರ ಮೇಲಿಂದ ಹಾರಿ, ಎರಡೂ ಗಾಲಿ ಒಟ್ಟಿಗೆ ನೆಲಕ್ಕೆ ತಾಗುವಂತೆ, ತಟ್ಟೆ ಇಟ್ಟ ಹಾಗೆ ಇಳಿದಳು. ಬೇಲಿಯ ಬಳಿ ಇದ್ದವರು ಚಪ್ಪಾಳೆ ತಟ್ಟಿದರು.

“ಭಾವ ಶುರು ಮಾಡಿದ್ದು ಒಂದಾದ್ರೂ ಮುಗೀತಲ್ಲ ಅಕ್ಕಾ, ನಿನ್ನಿಂದ,” ಎಂದಳು ನಾದಿನಿ, ಊಟಕ್ಕೆ ಬಂದಾಗ. ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಆವತ್ತು ಎಲ್ಲರಿಗಿಂತ ಮೊದಲೇ ಕೈ ತೊಳೆಯಲು ಎದ್ದ.

ಹವ್ಯಾಸಿಗಳಿಗೆಂದೇ ನಡೆದ ಸಣ್ಣ ಪಂದ್ಯದಲ್ಲಿ ಅವಳು ಮೂರನೆಯವಳಾಗಿ ಬಂದಳು. ಅದಕ್ಕೆ ಮುಂಚಿನ ಗುಂಪಿನಲ್ಲಿ ಅದೇ ಬೈಕು ಓಡಿಸಿದ ಅವನು ಮೊದಲ ಸುತ್ತಿನಲ್ಲೇ ತಿರುವಿನಲ್ಲಿ ಬಿದ್ದು ಹೊರಗೆ ಕೂತಿದ್ದ. ಫೋಟೊ ತೆಗೆಯುವ ಗಲಾಟೆಯಲ್ಲಿ ಯಾರೋ ಅವನ ಹೆಗಲು ತಟ್ಟಿ, “ನೀವು ಆ ಮೇಡಂ ಯಜಮಾನ್ರಲ್ವಾ? ಸ್ವಲ್ಪ ಬೈಕ್ ಹಿಡ್ಕೊಳ್ಳಿ, ಅಡ್ಡ ಬರ್ತಿದೆ,” ಎಂದರು. ಅವನು ಹಿಡಿದುಕೊಂಡ. ಎಂಜಿನ್ನಿನ ಕಾವು ಪ್ಯಾಂಟಿಗೆ ತಟ್ಟುತ್ತಿತ್ತು. ಫೋಟೊದಿಂದ ಆಚೆ ನಿಂತು, ತನ್ನದೇ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರಿಸಿಕೊಂಡು ನಗುತ್ತಿದ್ದ ಹೆಂಡತಿಯನ್ನು ನೋಡಿದ.

ಅಲ್ಲಿಂದ ಅವನಿಗೊಂದು ಮಾತು ಅಂಟಿಕೊಂಡಿತು. ಅವಳು ಕಿಕ್ ಹೊಡೆಯುವ ಮೊದಲು, “ಹುಷಾರು, ಬೀಳ್ತೀಯ.” ಗಾಗಲ್ಸ್ ಹಾಕುವಾಗ, “ಎರಡನೇ ದಿಬ್ಬದಲ್ಲಿ ಬೀಳ್ತೀಯ ನೋಡು.” ಸುತ್ತು ಮುಗಿಸಿ ಬಂದಾಗ, “ಸ್ವಲ್ಪದರಲ್ಲಿ ತಪ್ತು, ಬೀಳ್ತಿದ್ದೆ.” ಕಾಳಜಿ ಎಂದೇ ಎಲ್ಲರೂ ತಿಳಿದರು. ಅವಳೂ ಹಾಗೇ ತಿಳಿದಳು. “ಆಯ್ತು ರೀ, ನೋಡ್ಕೋತೀನಿ,” ಎನ್ನುತ್ತಿದ್ದಳು. ಸೀಟಿ ಮಾಮ ಮಾತ್ರ ಒಮ್ಮೆ, “ಹೋಗೋರಿಗೆ ಹಾಗೆಲ್ಲ ಹೇಳ್ಬಾರ್ದು ಸಾರ್, ತಲೇಲಿ ಕೂತ್ಬಿಡುತ್ತೆ,” ಎಂದ. ಇವನು ಕೇಳಿಸದವನಂತೆ ನಿಂತ.

ಒಂದು ಭಾನುವಾರ ಅವಳು ಬಿದ್ದಳು. ಎರಡನೆಯ ದಿಬ್ಬದಿಂದ ಸರಿಯಾಗಿಯೇ ಹಾರಿ ಸರಿಯಾಗಿಯೇ ಇಳಿದಿದ್ದಳು. ಅದರಾಚೆ ಇನ್ನೊಬ್ಬನ ಬೈಕು ಅಡ್ಡ ಬಿದ್ದಿತ್ತು. ಅದನ್ನು ತಪ್ಪಿಸಲು ಹ್ಯಾಂಡಲ್ ತಿರುಗಿಸಿ ಭುಜ ಕೊಟ್ಟು ನೆಲಕ್ಕೆ ಬಿದ್ದಳು. ಭುಜದ ಬಳಿಯ ಕೊರಳೆಲುಬು ಮುರಿದಿತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವನು ಹೆದರಿಕೆಯಲ್ಲಿ ಗೊತ್ತಿದ್ದ ತಿರುವನ್ನೇ ತಪ್ಪಿಸಿಕೊಂಡ. ಆ ಭಯ ನಿಜವಾದದ್ದೇ. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವಳು, ನೋವಿನ ನಡುವೆಯೂ ಕಣ್ಣರಳಿಸಿ ಕೇಳಿದಳು: “ನಾನು ಇಳಿದಿದ್ದು ಸರಿಯಾಗಿತ್ತಲ್ವಾ? ನೋಡಿದ್ರಾ?”

ಅವನು ನೋಡಿದ್ದ. ಅಷ್ಟು ಚೆನ್ನಾಗಿ ಅವಳು ಎಂದೂ ಇಳಿದಿರಲಿಲ್ಲ.

“ನಾನು ಹೇಳ್ತಾನೇ ಇದ್ದೆ,” ಎಂದ.

ಅವಳ ಕೈ ಇನ್ನೂ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿದ್ದಾಗಲೇ ಬೈಕು ಮಾರಿಬಿಟ್ಟ. ದೂರದವರು ಯಾರೋ ಬಂದು ಪಿಕಪ್ ಗಾಡಿಗೆ ಹಗ್ಗ ಹಾಕಿ ಬಿಗಿದು ಒಯ್ದರು. ಗಾಡಿ ತಿರುವು ದಾಟಿದಾಗ ಅವನ ಎದೆ ಹಗುರವಾಯಿತು. ಅಪಾಯ ಕಳೆಯಿತು ಎಂಬ ಸಮಾಧಾನ ಅದು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಮನುಷ್ಯನಿಗೆ ತನ್ನ ಸಮಾಧಾನದ ರುಚಿ ಗೊತ್ತಿರುತ್ತದೆ. ಇದರ ರುಚಿ ಬೇರೆಯಿತ್ತು. ಇನ್ನುಮುಂದೆ ಭಾನುವಾರ ಅವನು ಯಾರ ಬೈಕನ್ನೂ ಹಿಡಿದುಕೊಂಡು ನಿಲ್ಲಬೇಕಿರಲಿಲ್ಲ.

ಮಗಳು ಶಾಲೆಯಿಂದ ಬಂದವಳೇ ಖಾಲಿ ಶೆಡ್ಡು ನೋಡಿ ಕೂಗಾಡಿದಳು. “ಅಮ್ಮನ್ನ ಕೇಳಿದ್ರಾ ಅಪ್ಪಾ? ಒಂದು ಮಾತು ಕೇಳಿದ್ರಾ?”

“ಅವಳ ಒಳ್ಳೇದಕ್ಕೇ ಮಾಡಿದ್ದು.”

ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ನೆಲದ ಮೇಲಿನ ಎಣ್ಣೆ ಕಲೆಗಳನ್ನು ಸ್ವಲ್ಪ ಹೊತ್ತು ನೋಡಿದಳು. “ಬಿಡೇ, ಅಪ್ಪನ ಬೈಕು, ಅಪ್ಪ ಮಾರಿದ್ರು,” ಎಂದು ಒಳಗೆ ಹೋದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಅವನು ಅದಕ್ಕೆ ಉತ್ತರಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದ. ಒಂದೂ ಖರ್ಚಾಗಲಿಲ್ಲ.

ಮೂಳೆ ಕೂಡಿತು. ಅವಳು ಹೊಲಿಗೆಗೆ ಮರಳಿದಳು. ಮನೆಯಲ್ಲಿ ಏನೂ ಬದಲಾಗಲಿಲ್ಲ, ಅಡುಗೆ, ಬಟ್ಟೆ, ನಗು ಕೂಡ ಇತ್ತು. ಭಾನುವಾರ ಮಧ್ಯಾಹ್ನ ಮಾತ್ರ ಅವಳು ಮಲಗಿಬಿಡುತ್ತಿದ್ದಳು. ಮೊದಲು ಆ ಅಭ್ಯಾಸವಿರಲಿಲ್ಲ. ಅವನು ಹೊಸದಾಗಿ ಏನನ್ನೂ ಶುರು ಮಾಡಲಿಲ್ಲ. ಒಮ್ಮೆ ಮಡಕೆಯ ಚಕ್ರದ ಮುಂದೆ ಕೂತು ಮಣ್ಣಿಗೆ ನೀರು ಚಿಮುಕಿಸಿದ, ಆಮೇಲೆ ಕೈ ತೊಳೆದುಕೊಂಡು ಎದ್ದ. ನೋಡಿ ನಗಲಿ ಎಂದು ಅವಳನ್ನು ಕರೆಯಬೇಕೆಂದಿದ್ದ. ಒಳಕೋಣೆಯಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿರುವುದು ಕಂಡಿತು.

ಎರಡು ವರ್ಷದ ಮೇಲೆ, ಒಂದು ಬೆಳಿಗ್ಗೆ ಅವನು ಹೇಳಿದ: “ಹೊರಡು, ಟ್ರ್ಯಾಕಿಗೆ ಹೋಗಿ ಬರೋಣ. ಇಷ್ಟವಾದ್ರೆ ನಿನಗೇ ಅಂತ ಒಂದು ಬೈಕ್ ತಗೊಳ್ಳೋಣ. ಅವತ್ತು ನಾನು ನಿನ್ನ ಕೇಳ್ಬೇಕಿತ್ತು.”

ಅವಳು ಅವನ ಮುಖವನ್ನೇ ನೋಡಿದಳು. “ಈಗ ಯಾಕೆ ಅದೆಲ್ಲ?” ಎಂದಳು. ಆದರೂ ಹೊರಟಳು.

ಸೀಟಿ ಮಾಮನ ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ಅವಳನ್ನು ಕಂಡು ಉದ್ದಕ್ಕೆ ಸೀಟಿ ಊದಿ, ತನ್ನದೇ ಬೈಕನ್ನು ಮುಂದೆ ತಂದು ನಿಲ್ಲಿಸಿದ. ಗಂಡ ಈ ಸಲ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಹೋದಳು. ಮೊದಲ ದಿಬ್ಬ ಹತ್ತಿ ಇಳಿದಳು. ಎರಡನೆಯದಕ್ಕೆ ವೇಗ ಕೂಡಿಸುತ್ತ ಬಂದವಳು, ತುದಿ ಮುಟ್ಟುವ ಮುನ್ನ ಬ್ರೇಕ್ ಹಿಡಿದಳು. ಹಿಂದಿನ ಗಾಲಿ ಮಣ್ಣು ಕೊರೆದು ನಿಂತಿತು. ಮೆಲ್ಲಗೆ ಹತ್ತಿ, ಮೆಲ್ಲಗೆ ಇಳಿದು, ಸುತ್ತು ಪೂರ್ತಿ ಮಾಡದೆ ಅಡ್ಡಹಾದಿಯಿಂದ ವಾಪಸ್ಸು ಬಂದಳು.

“ಏನಾಯ್ತು?” ಎಂದ.

ಅವಳು ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡಳು. ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. “ದಿಬ್ಬ ಹತ್ರ ಬಂದ ತಕ್ಷಣ ‘ಬೀಳ್ತೀಯ’ ಅಂತ ಕೇಳಿಸ್ತು ರೀ. ನಿಮ್ಮ ಧ್ವನೀಲೇ. ಮುಂಚೆ ಬಿದ್ದಾಗ್ಲೂ ನನಗೆ ಬೀಳ್ತೀನಿ ಅಂತ ಅನಿಸಿರ್ಲಿಲ್ಲ.”

“ಇವತ್ತು ಮೊದಲ ದಿನ ತಾನೆ. ಅಭ್ಯಾಸ ಆದ್ರೆ ಹೋಗುತ್ತೆ.”

“ಹೋಗುತ್ತೇನೋ,” ಎಂದಳು. “ಆದ್ರೆ ಆ ಧ್ವನೀನ ಓಡ್ಸೋಕೆ ನನಗೀಗ ಮನಸ್ಸಿಲ್ಲ.”

ಅವನು ಕ್ಷಮಿಸು ಎಂದ. ಅವಳು ತಲೆಯಾಡಿಸಿದಳು. ಹೂಂ ಎಂದೋ ಬೇಡ ಎಂದೋ ಅವನಿಗೆ ತಿಳಿಯಲಿಲ್ಲ. ಎರಡನೆಯ ಸಲ ಕೇಳುವ ಧೈರ್ಯವೂ ಬರಲಿಲ್ಲ.

ಬೈಕು ಮತ್ತೆ ಮನೆಗೆ ಬರಲಿಲ್ಲ. ಆದರೆ ಅವಳು ಟ್ರ್ಯಾಕಿಗೆ ಹೋಗುವುದನ್ನು ಬಿಡಲಿಲ್ಲ. ದಿಬ್ಬದಾಚೆ ಯಾರಾದರೂ ಬಿದ್ದರೆ ಹಿಂದೆ ಬರುವವರಿಗೆ ಹಳದಿ ಬಾವುಟ ಬೀಸಲು ಒಬ್ಬರು ಬೇಕು, ತಾನು ಬಿದ್ದ ದಿನ ಅಲ್ಲಿ ಯಾರೂ ಇರಲಿಲ್ಲ ಎಂದು ಸೀಟಿ ಮಾಮನ ಜೊತೆ ವಾದಿಸಿ, ಆ ಕೆಲಸವನ್ನು ತಾನೇ ವಹಿಸಿಕೊಂಡಳು. ಭಾನುವಾರ ಬೆಳಿಗ್ಗೆ ಅವನು ಅವಳನ್ನು ಕಾರಿನಲ್ಲಿ ಕರೆತರುತ್ತಾನೆ. ಅವಳು ಟೋಪಿ ಹಾಕಿಕೊಂಡು ಎರಡನೆಯ ದಿಬ್ಬದ ಪಕ್ಕ ಹೋಗಿ ನಿಲ್ಲುತ್ತಾಳೆ. ಅವನು ಬೇಲಿಯ ಈಚೆ ಕೂತಿರುತ್ತಾನೆ.

ಅಲ್ಲಿಂದ ಅವಳ ಮುಖ ಕಾಣುವುದಿಲ್ಲ, ಬೆನ್ನು ಕಾಣುತ್ತದೆ. ಬೈಕೊಂದು ದಿಬ್ಬದ ಬುಡಕ್ಕೆ ಬಂದಾಗ ಅವಳ ಮಂಡಿಗಳು ಸ್ವಲ್ಪ ಬಾಗುತ್ತವೆ. ಅದು ಗಾಳಿಗೆ ಏರಿದಾಗ ಹಿಮ್ಮಡಿಗಳು ನೆಲ ಬಿಡುತ್ತವೆ. ಇಳಿದಾಗ ಭುಜ ಸಡಿಲವಾಗುತ್ತದೆ. ಅವಳಿಗೆ ಇದು ಗೊತ್ತಿದ್ದಂತೆ ತೋರುವುದಿಲ್ಲ. ಪ್ರತಿ ಬೈಕಿಗೂ, ಮಧ್ಯಾಹ್ನದವರೆಗೂ, ಹಾಗೇ ಆಗುತ್ತಿರುತ್ತದೆ. ಅವನು ಬೇರೆ ಕಡೆ ನೋಡಲು ಪ್ರಯತ್ನಿಸುತ್ತಾನೆ, ಆಗುವುದಿಲ್ಲ.