ಏಳು ದೇಶ, ಬಿಸಿ ರೊಟ್ಟಿ

ಮತ್ತೆ ಆ ವೆಲ್ಡಿಂಗಿನ ನೀಲಿ ಕಿಡಿ, ನೋಡಬೇಡ ನೋಡಬೇಡ ಎಂದುಕೊಂಡರೂ ಕಣ್ಣು ಅತ್ತಲೇ ಹೋಗುತ್ತದೆ, ಮನೆ ಸೇರುವಷ್ಟರಲ್ಲಿ ಕಣ್ಣೊಳಗೆ ಮರಳು ಬಿದ್ದಂತೆ ಚುಚ್ಚುತ್ತದೆ, ಗೊತ್ತು, ಹೋದ ಭಾನುವಾರವೂ ಹಾಗೇ ಆಯಿತು, ಅದರ ಹಿಂದಿನ ಭಾನುವಾರವೂ — ಲಿಂಗಸುಗೂರಿನಿಂದ ಸಿಂಧನೂರಿಗೆ ಬಂದು, ರೈಸ್ ಮಿಲ್ಲಿನ ಹಿಂದಿರುವ ರಹಮಾನಸಾಬರ ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ತೌಡಿನ ವಾಸನೆ ಕುಡಿಯುವುದೇ ನನ್ನ ಭಾನುವಾರವಾಗಿಬಿಟ್ಟಿದೆ. ಎದುರಿಗೆ ನನ್ನ ಗಂಡ ಎಂಬ ಮಹಾಶಯರು, ಲಿಂಗಸುಗೂರಿನ ಗೊಬ್ಬರದಂಗಡಿ ನರಸಣ್ಣ, ಸೊಂಟದ ಮೇಲೆ ಕೈಯಿಟ್ಟು ಹೊಟ್ಟೆ ಮುಂದೆ ಮಾಡಿಕೊಂಡು ಹಡಗು ಕಟ್ಟಿಸುವ ರಾಜನ ಹಾಗೆ ನಿಂತಿದ್ದಾರೆ, ಹಡಗೆಂದರೆ ಹನ್ನೆರಡು ಸೀಟಿನ ಹಳೇ ಟೆಂಪೊ, ಮೊನ್ನೆ ಮೊನ್ನೆಯವರೆಗೆ ಮದುವೆ ದಿಬ್ಬಣ ಹೊತ್ತು ತಿರುಗಿದ್ದು, ಸೀಟುಗಳನ್ನೆಲ್ಲ ಕಿತ್ತರೂ ಮೂಲೆಯಲ್ಲಿ ಇನ್ನೂ ಅಕ್ಷತೆ ಕಾಳು ಸಿಗುತ್ತಿವೆ, ಅದರಲ್ಲಿ ನಾವು ನಾಲ್ಕು ಜನ ಏಳು ತಿಂಗಳು ಏಳು ದೇಶ ಸುತ್ತುತ್ತೇವಂತೆ, ನೇಪಾಳ, ಚೀನಾ, ಆಮೇಲೆ ಹೆಸರಿನ ಕೊನೆಗೆ ಸ್ತಾನ್ ಎಂದು ಬರುವ ಮೂರು ದೇಶ, ಅವುಗಳ ಹೆಸರು ಇವರ ಬಾಯಲ್ಲಿ ಇವತ್ತಿಗೂ ಸರಿಯಾಗಿ ಹೊರಳುವುದಿಲ್ಲ, ನಾನೇ ಬಿಡಿಸಿ ಬಿಡಿಸಿ ಹೇಳಿಕೊಡಬೇಕು, ಆಮೇಲೆ ರಷ್ಯಾ, ಜಾರ್ಜಿಯಾ. ಆರು ಕಿಸೆಯ ಚಡ್ಡಿ ತಂದ ದಿನದಿಂದ ಇವರು ಪ್ರವಾಸಿಗರು. ಒಗೆಯುವಾಗ ಎಲ್ಲ ಕಿಸೆ ನೋಡಿದ್ದೇನೆ, ಒಂದರಲ್ಲಿ ಅಡಿಕೆ ಪುಡಿ, ಉಳಿದ ಐದು ಖಾಲಿ.

ಇದು ನನ್ನ ಕನಸಾಗಿತ್ತು ಎಂದು ಈಗ ಯಾರ ಮುಂದೆ ಹೇಳಲಿ, ನಾಚಿಕೆಯಾಗುತ್ತದೆ. ನಾಲ್ಕು ವರ್ಷದ ಹಿಂದೆ ಮಸ್ಕಿಯಲ್ಲಿ, ಶಾಲೆ ಬಿಟ್ಟು ಬಸ್ಸಿಗೆ ನಡೆಯುತ್ತಿದ್ದೆ, ಶಾಸನದ ಗುಡ್ಡದ ಬುಡದಲ್ಲಿ ಒಂದು ವ್ಯಾನು ನಿಂತಿತ್ತು, ಮೈತುಂಬ ಧೂಳು, ನಂಬರ್ ಪ್ಲೇಟು ಯಾವ ದೇಶದ್ದೋ, ಬಾಗಿಲ ಮೆಟ್ಟಿಲ ಮೇಲೆ ನನ್ನಷ್ಟೇ ವಯಸ್ಸಿನ ಒಬ್ಬ ಹೆಂಗಸು ಕಾಲು ಚಾಚಿ ಕೂತು ನಕಾಶೆ ನೋಡುತ್ತ ಪೇರಲ ಹಣ್ಣು ಕಚ್ಚುತ್ತಿದ್ದಳು, ಗಂಡನೋ ಯಾರೋ ಬಕೆಟ್ಟಿನಲ್ಲಿ ತಟ್ಟೆ ತೊಳೆಯುತ್ತಿದ್ದ. ಅವಳು ನನ್ನನ್ನು ಕಂಡು ನಕ್ಕಳು, ನಾನು ಬಸ್ಸು ಬಿಟ್ಟುಬಿಟ್ಟೆ. ಹತ್ತೊಂಬತ್ತು ವರ್ಷ ತರಗತಿಯ ಗೋಡೆಯ ನಕಾಶೆಗೆ ಕೋಲು ಹಚ್ಚಿ ತೋರಿಸಿದವಳು ನಾನು, ಇದು ವೋಲ್ಗಾ, ಇದು ಅಮು ದರಿಯಾ, ಇದು ಅರಲ್ ಸಮುದ್ರ, ಹತ್ತಿ ಬೆಳೆಯಲೆಂದು ನದಿಗಳನ್ನು ಕಾಲುವೆಗೆ ತಿರುಗಿಸಿ ಒಣಗಿಸಿದ ಸಮುದ್ರ, ಮೀನಿನ ದೋಣಿಗಳು ಇವತ್ತಿಗೂ ಮರಳಿನ ಮೇಲೆ ನಿಂತಿವೆ ಎಂದರೆ ನೀರೇ ತಲುಪದ ಕಾಲುವೆಯ ಕೊನೆಯ ಹಳ್ಳಿಗಳಿಂದ ಬರುವ ನನ್ನ ಹುಡುಗರು ನಗುವುದಿಲ್ಲ, ಒಂದು ದಿನ ಒಬ್ಬಳು ಎದ್ದು ನಿಂತು, ಟೀಚರ್, ನೀವ್ ನೋಡೀರೇನ್ರಿ ಎಂದಳು. ಇಲ್ಲ. ಆ ದೋಣಿಗಳನ್ನು ನೋಡಬೇಕು. ಅಷ್ಟೇ. ಬಂಗಾರ ಬೇಡ, ಸೀರೆ ಬೇಡ, ಮರಳಿನಲ್ಲಿ ನಿಂತ ಒಂದು ದೋಣಿಯನ್ನು ಮುಟ್ಟಿ ಬರಬೇಕು. ವ್ಯಾನು ಕಂಡ ದಿನ ಊಟಕ್ಕೆ ಬಡಿಸುತ್ತ ಆ ಸಂಗತಿ ಹೇಳಿದೆ, ಇವರು ತುತ್ತು ಹಿಡಿದುಕೊಂಡೇ ನಕ್ಕರು, ಬತ್ತಿದ ಕೆರಿ ನೋಡಾಕ ಅಲ್ಲಿತನ ಯಾಕ ಹೋಗ್ಬೇಕಬೇ, ಇಲ್ಲೇ ಬ್ಯಾಸಿಗ್ಯಾಗ ಬೇಕಾದಷ್ಟು ಅದಾವು. ಎರಡು ವರ್ಷವಾದ ಮೇಲೆ ಮೊಬೈಲಿನಲ್ಲಿ ಯಾರೋ ಪಂಜಾಬಿನವನು ಹೆಂಡತಿ ಮಕ್ಕಳ ಜೊತೆ ವ್ಯಾನಿನಲ್ಲಿ ಹೋಗುವ ವಿಡಿಯೊ ನೋಡಿದರು, ಮರುದಿನ ಅಂಗಡಿಗೆ ಬಂದವರಿಗೆಲ್ಲ, ಯೂರಿಯಾ ಕೇಳಲು ಬಂದವನಿಗೂ, ನನಗೊಂದು ಐಡಿಯಾ ಬಂದೈತಿ ಎಂದು ಹೇಳಿದರು. ಇವರಿಗೆ ಬಂತಂತೆ ಐಡಿಯಾ!

ಹೋಗಲಿ, ಯಾರ ಹೆಸರಿನಲ್ಲಾದರೂ ದೋಣಿ ಸಿಕ್ಕರೆ ಸಾಕು ಎಂದು ಸುಮ್ಮನಾದೆ, ಅದೇ ನನ್ನ ತಪ್ಪು. ಪಾಸ್‌ಪೋರ್ಟು ನಾನು ಓಡಾಡಿ ಮಾಡಿಸಿದೆ, ವೀಸಾ ಕಾಗದ ನಾನು ತುಂಬಿದೆ, ಗಾಡಿಗೂ ಒಂದು ಪಾಸ್‌ಪೋರ್ಟಿನಂಥ ಪುಸ್ತಕ ಬೇಕು ಎಂದು ಹುಡುಕಿ ತೆಗೆದವಳು ನಾನು, ನೇಪಾಳ ದಾಟಿದರೆ ರಸ್ತೆಯ ಬಲಗಡೆ ಓಡಿಸುತ್ತಾರೆ, ನಮ್ಮ ಗಾಡಿಯ ಬಾಗಿಲು ಎಡಕ್ಕಿದೆ, ಇಳಿದರೆ ನೇರ ಲಾರಿಗಳ ನಡುವೆ ಇಳಿಯಬೇಕಾಗುತ್ತದೆ ಎಂದರೆ, ಅಲ್ಲಿ ಹೋದಮ್ಯಾಲ ನೋಡೂಣಂತ, ನೀ ಸಾಲಿ ಪಾಠ ಇಲ್ಲಿ ಹೇಳಬ್ಯಾಡ. ಸರಿ, ಹೇಳುವುದಿಲ್ಲ. ಆದರೆ ರೊಟ್ಟಿಯ ವಿಷಯಕ್ಕೆ ಬಂದರೆ ಈ ಮನುಷ್ಯನ ಬುದ್ಧಿ ಎಷ್ಟು ಚುರುಕು, ಎಷ್ಟು ದೂರ ಯೋಚಿಸುತ್ತದೆ ಎನ್ನುತ್ತೀರಿ, ಯಾರಿಗೆ ಎನ್ನುತ್ತಿದ್ದೇನೆ, ಕೇಳುವವರು ಯಾರಿದ್ದಾರೆ ಇಲ್ಲಿ. ನಮ್ಮ ಓಣಿಯ ಆದಮ್ಮನಿಗೆ ಹೇಳಿ ಐನೂರು ಕಡಕ್ ರೊಟ್ಟಿ ಮಾಡಿಸಿ ಡಬ್ಬಿಯಲ್ಲಿ ತುಂಬಿಕೊಂಡರೆ ಏಳು ತಿಂಗಳಾದರೂ ಕೆಡುವುದಿಲ್ಲ, ನಂಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಸಾಕಲ್ಲ ಎಂದೆ. ಕಡಕ್ ರೊಟ್ಟಿನಾ, ಅವ್ವಗ ಹಲ್ಲಿಲ್ಲ, ನನಗ ಗಂಟಲದಾಗ ಇಳಿಯೂದಿಲ್ಲ, ದಿನಾ ಎರಡ ಬಿಸಿ ರೊಟ್ಟಿ ಬೇಕ ಬೇಕು, ಯಾವ ದೇಶ ಆದ್ರ ಏನಾತು. ಜೋಳದ ಹಿಟ್ಟು ಹದಿನೈದು ದಿನಕ್ಕೆ ಜಿಗಿ ಕಳೆದುಕೊಳ್ಳುತ್ತದೆ, ರೊಟ್ಟಿ ಹರಿಯುತ್ತದೆ, ಕಹಿಯಾಗುತ್ತದೆ ಎಂದೆ, ಇನ್ನಾದರೂ ಬಿಡುತ್ತಾರೆ ಎಂದುಕೊಂಡು, ಇವರು ಸೋಲಲಿಲ್ಲ, ಎರಡು ಚೀಲ ಜೋಳ, ಜೊತೆಗೆ ಒಂದು ಮನೆಗಿರಣಿ, ಅದನ್ನು ಓಡಿಸಲು ಮೇಲೆ ಸೋಲಾರ್ ಹಲಗೆ. ಜಗತ್ತಿನ ಜನ ಸೋಲಾರ್ ಹಲಗೆಯಿಂದ ದೀಪ ಹಚ್ಚುತ್ತಾರೆ, ನಾವು ಕಿರ್ಗಿಸ್ತಾನದ ಗುಡ್ಡದ ಮೇಲೆ ಜೋಳ ಬೀಸುತ್ತೇವೆ. ಏಳು ದೇಶದ ಊಟದ ಮುಂದೆ ಮೂಗು ಮುರಿಯಲು ಅಷ್ಟು ದೂರ ಹೋಗಬೇಕೇ, ಲಿಂಗಸುಗೂರಿನಲ್ಲೇ ಕೂತು ಮುರಿಯಬಹುದಿತ್ತು.

ಮಮ್ಮಿ, ನೋಡಿಲ್ಲಿ, ನನ್ ಬೆಡ್! ಮಗಳು ದೀಪಾ ವ್ಯಾನಿನೊಳಗಿಂದ ಕೂಗುತ್ತಾಳೆ, ಹದಿನೈದು ವರ್ಷ, ಅವಳ ಖುಷಿಗೆ ನನ್ನ ಜಗಳವಿಲ್ಲ, ಅತ್ತೆಯ ಖುಷಿಗೂ ಇಲ್ಲ, ಕನಕಮ್ಮ ಎಪ್ಪತ್ತೆರಡಕ್ಕೆ ಹೊಸ ಮದುಮಗಳ ಹಾಗೆ ಓಡಾಡುತ್ತಿದ್ದಾರೆ, ಒಳಗೆ ಅಮರೇಶ್ವರ ದೇವರ ಫೋಟೊ ತೂಗುಹಾಕಿದಾಗಿನಿಂದ ಗುಡಿಗೆ ಹತ್ತುವಂತೆ ಚಪ್ಪಲಿ ಕೆಳಗೆ ಬಿಟ್ಟೇ ಒಳಗೆ ಹೋಗುತ್ತಾರೆ, ನನಗ ಕಿಟಕಿ ಬಾಜೂಕ ಇರಲೆಪ್ಪಾ ನರಸ್ಯಾ, ದೇಶ ನೋಡಾಕ ಬರಾಕತ್ತೀನಿ, ತಗಡ ನೋಡಾಕಲ್ಲ. ನೋಡಿ, ಮುದುಕಿಗೆ ಬಾಯಿದೆ, ಕೇಳಿದರು, ಸಿಕ್ಕಿತು. ನಾನು ಕೇಳಲಿಲ್ಲ. ಕೇಳದೆಯೇ ಸಿಗುತ್ತದೆ ಎಂದುಕೊಂಡಿದ್ದೆನೇನೋ, ಹದಿನೆಂಟು ವರ್ಷ ಸಂಸಾರ ಮಾಡಿಯೂ ಇಷ್ಟು ದಡ್ಡಿ. ಇವತ್ತು ಅಳತೆಯ ದಿನ. ಇವರು ನನ್ನ ಕೈಚೀಲಕ್ಕೆ ಕೈಹಾಕಿ ಚಾಕ್‌ಪೀಸ್ ತೆಗೆದುಕೊಂಡರು, ಏಳು ತಿಂಗಳ ರಜೆಯ ಅರ್ಜಿ ಅದೇ ಚೀಲದಲ್ಲಿದೆ, ಸಂಬಳವಿಲ್ಲದ ರಜೆ, ಸಹಿ ಮಾಡಿದ್ದೇನೆ, ನಾಳೆ ಹೆಡ್‌ಮಾಸ್ಟರ ಕೈಗೆ ಕೊಡಬೇಕು. ವ್ಯಾನಿನ ನೆಲದ ಹಲಗೆಯ ಮೇಲೆ ದೀಪಾಳನ್ನು ಮಲಗಿಸಿ ಸುತ್ತಲೂ ಗೆರೆ ಎಳೆದರು, ಅತ್ತೆಯನ್ನು ಮಲಗಿಸಿ ಎಳೆದರು, ಅತ್ತೆ ಕಚಗುಳಿಯಾಗಿ ನಕ್ಕರು, ತಾವೇ ಮಲಗಿ ರಹಮಾನಸಾಬರ ಕೈಯಿಂದ ಎಳೆಸಿಕೊಂಡರು, ಹೊಟ್ಟೆಯ ಹತ್ತಿರ ಗೆರೆ ದೊಡ್ಡ ಸುತ್ತು ಹಾಕಿತು, ಮೂರು ಗೆರೆಯ ಮನುಷ್ಯರು, ಮೂರೂ ತಲೆ ಕಿಟಕಿಯ ಕಡೆಗೆ. ಇನ್ನು ನನ್ನನ್ನು ಕರೆಯುತ್ತಾರೆ ಎಂದು ಸೆರಗು ಸರಿಮಾಡಿಕೊಂಡು ಅರ್ಧ ಎದ್ದಿದ್ದೆ.

ಟೀಚರಮ್ಮಾರದು ಎಲ್ಲಿ ಹಾಕೂದ್ರಿ ಅಣ್ಣಾರ, ರಹಮಾನಸಾಬರು ಕೇಳಿದರು. ಇವರು ಆ ಪ್ರಶ್ನೆಯನ್ನು ಮೊದಲ ಸಲ ಕೇಳಿಸಿಕೊಂಡಂತೆ ನೋಡಿದರು, ಆಮೇಲೆ ಕೈಬೀಸಿ, ಆಕಿದೇನ್ ಅಂಥಾದ್ದಿಲ್ಲ, ಎಲ್ಲಾರ ಊಟ ಆದಮ್ಯಾಲ ಟೇಬಲ್ ಮಡಚಿದ್ರ ಅಲ್ಲೇ ಜಾಗ ಆಕೈತಿ, ಆಕಿದು ರೊಟ್ಟಿ ಕಟ್ಟಿ ಹೈಟ್ ಅಷ್ಟ ಕರೆಕ್ಟ್ ಆಗ್ಬೇಕು ನೋಡಪಾ, ದಿನಾ ಬಡಿಯಾಕಿ, ಸೊಂಟ ನೋಯಬಾರದು. ಸೊಂಟ ನೋಯಬಾರದಂತೆ, ಎಷ್ಟು ಪ್ರೀತಿ! ಮರುಳಾಗಿ ಅತ್ತುಬಿಡಬೇಕು ನಾನು, ಇಂಥ ಗಂಡನನ್ನು ಪಡೆಯಲು ಏನು ಪುಣ್ಯ ಮಾಡಿದ್ದೆನೋ ಎಂದು. ಸರಿ, ಮಲಗುವುದು ಹೇಗಾದರೂ ಆದೀತು, ಹಗಲು ನಿಲ್ಲುವ ಕಡೆಯಾದರೂ ನೋಡೋಣ ಎಂದು ಕುರ್ಚಿಯಿಂದಲೇ ಕೇಳಿದೆ, ಕಟ್ಟಿ ಕಿಟಕಿ ಕಡಿ ಮಾಡ್ರಿ, ರೊಟ್ಟಿ ಮಾಡ್ಕೋತ ಹೊರಗ ನೋಡಬಹುದು. ಕಿಟಕಿ ಕಡಿ ಗಾಳಿ ಬಂದ್ರ ಒಲಿ ಆರತೈತಿ ಬೇ, ಅಷ್ಟೂ ತಿಳಿಯೂದಿಲ್ಲೇನು, ನೀ ರೊಟ್ಟಿ ಮಾಡೂಮುಂದ ಏನ್ ನೋಡ್ತಿ ಹೊರಗ, ರೊಟ್ಟಿ ಹೊತ್ತತೈತಿ. ಅಂದರೆ ಬಾಗಿಲ ಪಕ್ಕದ ಗೋಡೆಗೆ ಒಲೆ, ಒಲೆಯ ಮೇಲೆ ಖಾರದ ಪುಡಿ ಡಬ್ಬಿಗಳ ಹಲಗೆ, ಅದರ ಮೇಲೆ ಹೊಗೆ ಎಳೆಯುವ ಫ್ಯಾನು. ಅಮು ದರಿಯಾ ನನ್ನ ಬೆನ್ನ ಹಿಂದೆ ಹರಿದುಹೋಗುತ್ತದೆ. ಮರಳಿನ ದೋಣಿಗಳು ಬಂದಾಗ ಎಲ್ಲರೂ ಅಯ್ಯೋ ನೋಡಿಲ್ಲಿ ಎನ್ನುತ್ತಾರೆ, ನನ್ನ ಎರಡೂ ಕೈ ಹಿಟ್ಟಿನಲ್ಲಿರುತ್ತವೆ.

ಆಮೇಲೆ ಇವರು ಕೆಳಗಿಳಿದರು, ಮೆಟ್ಟಿಲ ಹತ್ತಿರ ಬಿದ್ದಿದ್ದ ಒಂದು ಜೊತೆ ಚಪ್ಪಲಿ ಎತ್ತಿಕೊಂಡು ಮತ್ತೆ ಹತ್ತಿದರು, ಒಲೆಯ ಜಾಗದ ಮುಂದೆ ಹಲಗೆಯ ಮೇಲೆ ಜೋಡಿಸಿಟ್ಟು, ಸುತ್ತಲೂ ಚಾಕ್‌ಪೀಸಿನಿಂದ ನಿಧಾನ, ನಾಲಗೆ ಹೊರಗೆ ಹಾಕಿ, ಗೆರೆ ಎಳೆದರು. ಚಪ್ಪಲಿ ತೆಗೆದರು. ಎರಡು ಪಾದ. ಮುಂಗಾಲು ಗೋಡೆಯ ಕಡೆ. ಇಲ್ಲಿ ನಿಂದ್ರತಾಳ ನೋಡು ಸಾಬಣ್ಣ, ಇಲ್ಲಿಂದ ಮೊಣಕೈಗೆ ಅಳತಿ ತಗೋ. ಏ ಅಮರೀ, ಬಾ ಇಲ್ಲಿ, ನಿಂದ್ರು ಬಾ. ದೀಪಾ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು, ಅತ್ತೆ, ಲಗೂ ಬಾಮಾ ಅಮರಮ್ಮ, ಹೊತ್ತಾಗಾಕತ್ತೈತಿ, ಮಸ್ಕ್ಯಾಗ ಚಾ ಕುಡಿದು ಊರಿಗೆ ಹೋಗೂಣು. ಬರುತ್ತಿದ್ದೇನೆ, ಕುರ್ಚಿಯಿಂದ ಎದ್ದಿದ್ದೇನೆ, ತೌಡಿನ ಧೂಳು ಒದರಿಕೊಂಡಿದ್ದೇನೆ, ನಡೆಯುತ್ತಿದ್ದೇನೆ, ಟಪಟಪ ಸದ್ದು, ನನ್ನದೇ ಕಾಲಿನ ಸದ್ದು — ನಿಂತೆ. ಸೀರೆಯ ಅಂಚು ಎತ್ತಿ ನೋಡಿಕೊಂಡೆ. ನನ್ನ ಚಪ್ಪಲಿ ನನ್ನ ಕಾಲಲ್ಲೇ ಇವೆ. ಬೆಳಗಿನಿಂದ ತೆಗೆದೇ ಇಲ್ಲ. ಇವರು ಎತ್ತಿಕೊಂಡವು ಅತ್ತೆಯವು.

ರಹಮಾನಸಾಬರಿಗೆ ಗೊತ್ತಾಯಿತು, ನನ್ನ ಕಾಲು ನೋಡಿದರು, ಹಲಗೆ ನೋಡಿದರು, ಮುಖಕ್ಕೆ ಹಿಡಿಯುವ ಕಪ್ಪು ಗಾಜನ್ನು ಒರೆಸತೊಡಗಿದರು. ಇವರಿಗೆ ಗೊತ್ತಿಲ್ಲ. ಹದಿನೆಂಟು ವರ್ಷ ಒಂದೇ ಹೊಸ್ತಿಲಲ್ಲಿ ಪಕ್ಕಪಕ್ಕ ಚಪ್ಪಲಿ ಬಿಟ್ಟಿದ್ದೇವೆ, ಗೊಬ್ಬರದ ಚೀಲವನ್ನು ದೂರದಿಂದಲೇ ನೋಡಿ ಯಾವ ಕಂಪನಿಯದು ಎಂದು ಹೇಳುವ ಮನುಷ್ಯ. ಅಸಹ್ಯ, ಇದು ಸಿಟ್ಟೂ ಅಲ್ಲ, ಬರೀ ಅಸಹ್ಯ, ಅವನ ಮೇಲೆ ಅರ್ಧ, ಅರ್ಜಿಗೆ ಸಹಿ ಮಾಡಿದ ನನ್ನ ಕೈಯ ಮೇಲೆ ಅರ್ಧ. ನಿಂದ್ರು ಬಾಬೇ, ಏನ್ ನೋಡ್ಕೋತ ನಿಂತಿ. ನೋಡುತ್ತಿದ್ದೇನೆ. ಎರಡು ಪಾದ, ಮುಂಗಾಲು ಗೋಡೆಯ ಕಡೆ. ಯಾರು ಬೇಕಾದರೂ ನಿಲ್ಲಬಹುದು ಅಲ್ಲಿ, ಆದಮ್ಮ ನಿಲ್ಲಬಹುದು, ದಾರಿಯಲ್ಲಿ ಹೋಗುವ ಯಾವಳಾದರೂ ನಿಲ್ಲಬಹುದು, ಎರಡು ಕೈಯಿದ್ದರೆ ಸಾಕು. ಏ ಅಮರೀ. ಬಲಗೈ ಚೀಲದೊಳಗೆ ಹೋಗುತ್ತದೆ, ಅರ್ಜಿಯ ಕಾಗದ ಬೆರಳಿಗೆ ಸಿಗುತ್ತದೆ, ಮಡಿಕೆ, ಮತ್ತೊಂದು ಮಡಿಕೆ, ಹರಿಯುತ್ತೇನೆ, ಆ ಸದ್ದು ಯಾರಿಗೂ ಕೇಳುವುದಿಲ್ಲ, ಮಿಲ್ಲು ಓಡುತ್ತಿದೆ. ಅಳತಿ ತಗೋಬೇಕು ಬಾ. ಎರಡು ಪಾದ. ಗೋಡೆಯ ಕಡೆ. ಬಾ ಅಂದ್ರ. ಎರಡು ಪಾದ, ಬಿಳಿ ಗೆರೆ, ಒಳಗೆ ಯಾರೂ ಇಲ್ಲ —