ಮೆತ್ತನ್ನ ಉಂಡಿಯ ಮನೆಗಳು

ನಮ್ಮ ಮನೆಗೆ ನಾಗರ ಪಂಚಮಿಗೆ ಶೇಂಗಾ ಉಂಡಿ ಬಂದದ್ದೇ ಇಲ್ಲ. ಚಚಡಿಯ ನಮ್ಮ ಓಣಿಯ ಹುಡುಗಿಯರೆಲ್ಲ ಅವ್ವಂದಿರ ತವರಿನಿಂದ ಬಂದ ಉಂಡಿಯನ್ನು ಕಟಕಟ ಕಡಿಯುತ್ತಿದ್ದರೆ ನಾನು ತಂಬಿಟ್ಟು ಹಿಡಿದು ಮೂತಿ ಉಬ್ಬಿಸಿಕೊಂಡು ಕೂತಿರುತ್ತಿದ್ದೆ. ಮುನವಳ್ಳಿಯ ನಮ್ಮ ಆಯಿ, ಅಂದರೆ ಅವ್ವನ ಅವ್ವ ಸಾವಿತ್ರೆವ್ವ, ವರ್ಷಾ ವರ್ಷಾ ಡಬ್ಬಿ ತುಂಬ ಮೆತ್ತನ್ನ ತಂಬಿಟ್ಟನ್ನೇ ಕಳಿಸುತ್ತಿದ್ದಳು. ಕಾರಣ ನನ್ನ ತಮ್ಮ ನಿಂಗರಾಜ. ಹುಟ್ಟಿದಾಗಿನಿಂದ ಅವನಿಗೆ ಬಂದದ್ದು ನಾಲ್ಕೇ ಹಲ್ಲು.

ಹಲ್ಲಷ್ಟೇ ಅಲ್ಲ, ಅವನಿಗೆ ಬೆವರೂ ಬರುವುದಿಲ್ಲ. ಬೇಸಿಗೆಯಲ್ಲಿ ಒದ್ದೆ ಟವೆಲ್ಲು ಹೊದ್ದುಕೊಂಡೇ ಓದಿ ಬಿ.ಎಡ್. ಮುಗಿಸಿದ. ಗಣಿತದ ಮಾಸ್ತರ ಆಗಬೇಕೆಂಬುದೊಂದೇ ಹುಚ್ಚು. ಹಲ್ಲಿನ ಸೆಟ್ಟು ಮಾಡಿಸಿದರೆ ಅವನ ತೆಳ್ಳನೆಯ ದವಡೆಯ ಮೇಲೆ ಅದು ನಿಲ್ಲಲಿಲ್ಲ. ಒಂದು ಶಾಲೆಯಲ್ಲಿ ಮಾದರಿ ಪಾಠ ಮಾಡುವಾಗ ಜಾರಿ ಮೇಜಿನ ಮೇಲೆ ಬಿತ್ತು, ಮಕ್ಕಳು ಹೊಟ್ಟೆ ಹಿಡಿದು ನಕ್ಕವು. ಅಂದಿನಿಂದ ಅವನು ಶಾಲೆಯ ಮಾತೇ ಎತ್ತಲಿಲ್ಲ. ನನಗೆ ಆ ಮಕ್ಕಳ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಐಶ್ವರ್ಯಾ, ತಳಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಆ ವರ್ಷ ನಮ್ಮ ವಿಭಾಗ, ದಂತವೈದ್ಯರು ಮತ್ತು ಕಂಪ್ಯೂಟರಿಗೆ ಚಿತ್ರ ನೋಡಲು ಕಲಿಸುವವರು ಸೇರಿ ಒಂದು ಅಧ್ಯಯನ ಶುರು ಮಾಡಿದ್ದರು. ಹುಟ್ಟಾ ಹಲ್ಲಿಲ್ಲದವರ ಆರು ಕುಟುಂಬಗಳನ್ನು ಆರಿಸಿ, ಅವರಿಗೆ ದವಡೆಯ ಎಲುಬಿನಲ್ಲೇ ಕೂರಿಸುವ ಹಲ್ಲು ಹಾಕಿ ಫಲಿತಾಂಶ ನೋಡುವುದು. ನಾನು ನಿಂಗರಾಜನ ಹೆಸರು ಕೊಟ್ಟೆ. ಅವನ ರಕ್ತ ಪರೀಕ್ಷೆ ಮಾಡಿದರೆ ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಕುಣಿಯುತ್ತಾ ಹೋಗಿ ಅಧ್ಯಯನದ ಮುಖ್ಯಸ್ಥೆ, ದಂತವೈದ್ಯೆ ಯಶೋಧಾ ಮೇಡಂ ಮುಂದಿಟ್ಟೆ.

"ಒಂದ ಅಕ್ಷರ ಬದಲಾಗೇತಿ, ಖರೆ. ಆದ್ರ ಹಲ್ಲು ಅದರಿಂದನ ಹೋಗ್ಯಾವ ಅಂತ ಹೆಂಗ ಹೇಳ್ತೀ?" ಎಂದರು ಅವರು. "ಅಂಥಾ ಅಕ್ಷರ ನಿನ್ನಾಗ, ನನ್ನಾಗ ಬೇಕಾದಷ್ಟ ಬದಲಾಗಿರತಾವ. ನಿಮ್ಮ ವಂಶದಾಗ ಇಂಥವರು ಇನ್ನೂ ಅದಾರೇನು? ಇದ್ರ ತೋರಸು. ಒಬ್ಬನ ಮ್ಯಾಲೆ ನಾ ನಂಬೂದಿಲ್ಲ. ದಸರಾ ಮುಗಿದ ಕೂಡಲೆ ಪಟ್ಟಿ ಮುಚ್ಚತೇನಿ."

ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

ವಂಶ ಎಂದರೆ ನಮ್ಮ ಕಡೆ ನೆನಪಾಗುವವನು ಹೆಳವ. ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗಿ ಓದಿ ಹೇಳುವವನು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ನಮ್ಮ ಹೆಳವ ಪರಶು ಮೋಟರ್ ಸೈಕಲ್ ಮೇಲೆ ಬರುತ್ತಾನೆ. ಫೋನು ಮಾಡಿ ಕರೆಸಿದೆ. ಅವನು ನಮ್ಮ ಕಟ್ಟೆಯ ಮೇಲೆ ಕುಳಿತು ಅಪ್ಪನ ಮನೆತನದ ಒಂಬತ್ತು ತಲೆಮಾರು ನೀರು ಕುಡಿದ ಹಾಗೆ ಓದಿದ. ಗೌಡಕಿ ಮಾಡಿದವರು, ಕುಸ್ತಿ ಹಿಡಿದವರು, ಹುಲಿ ಹೊಡೆದವನೊಬ್ಬ. ಹಲ್ಲಿಲ್ಲದವನು ಒಬ್ಬನೂ ಇಲ್ಲ. ನಾನು ಹಾಳೆಯ ಮೇಲೆ ಚೌಕ ಬರೆಯುತ್ತಾ ಹೋದೆ. ನಮ್ಮ ಶಾಸ್ತ್ರದಲ್ಲಿ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಹಾಳೆ ತುಂಬಿದ ಮೇಲೆ ನೋಡಿದರೆ ಒಂದೂ ವೃತ್ತವಿಲ್ಲ.

"ಪರಶು, ಹೆಣಮಕ್ಕಳು ಎಲ್ಲಿ ಹೋದ್ರು?"

"ಅವರನ್ನ ಬರಕೊಳ್ಳೂ ಪದ್ಧತಿ ಇಲ್ರಿ ಅಕ್ಕಾರ. ಕೊಟ್ಟ ಮ್ಯಾಲೆ ಆ ಮನಿಯವರಾದ್ರು."

ಅವನನ್ನು ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ತಮ್ಮನಲ್ಲಿ ಬದಲಾದ ಅಕ್ಷರ ತಾಯಿಯಿಂದ ಮಗನಿಗೆ ಬರುವಂಥದ್ದು, ತಂದೆಯಿಂದ ಮಗನಿಗೆ ದಾಟುವುದೇ ಇಲ್ಲ. ಹೆಂಗಸರಲ್ಲಿ ಬಹುಮಟ್ಟಿಗೆ ಸುಮ್ಮನೆ ಅಡಗಿರುತ್ತದೆ. ಇದನ್ನು ನಾನು ಬಿ.ಎಸ್ಸಿ.ಯಲ್ಲೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೂ ವಂಶ ಎಂದ ಕೂಡಲೇ ಅಪ್ಪನ ಕಡೆ ಓಡಿದ್ದೆ. ಇಷ್ಟು ಓದಿ ಮಣ್ಣು ಹೊತ್ತೆ ಎಂದು ನನ್ನನ್ನು ನಾನೇ ಬೈದುಕೊಂಡೆ.

ಮರುದಿನ ಮುನವಳ್ಳಿಗೆ ಹೋದೆ. ಪಂಚಮಿಗೆ ಇನ್ನು ನಾಲ್ಕು ದಿನ. ಎಂಬತ್ತೆರಡರ ಆಯಿ ಪಡಸಾಲೆಯಲ್ಲಿ ಕಾಲು ಚಾಚಿ, ಅಗಲ ತಟ್ಟೆಯ ಪರಾತ ಮುಂದಿಟ್ಟುಕೊಂಡು ಉಂಡಿ ಕಟ್ಟುತ್ತಿದ್ದಳು. ಹನ್ನೊಂದು ಡಬ್ಬಿಗಳು. ಏಳಕ್ಕೆ ಶೇಂಗಾ ಉಂಡಿ, ನಾಲ್ಕಕ್ಕೆ ತಂಬಿಟ್ಟು.

"ಆಯಿ, ತಂಬಿಟ್ಟು ನಮ್ಮ ಮನಿಗೆ ಅಷ್ಟ ಅಲ್ಲೇನು? ನಾಲ್ಕು ಡಬ್ಬಿ ಯಾಕ?"

"ನಾಲ್ಕ ಮನ್ಯಾಗ ಬೊಚ್ಚಬಾಯಿ ಗಂಡಮಕ್ಕಳ ಅದಾರಲ್ಲ. ಕಡಿಯಾಕ ಆಗದವರಿಗೆ ಶೇಂಗಾ ಉಂಡಿ ಕಳಿಸಿದ್ರ ಹಂಗಿಸಿದಂಗ ಆಗತೈತಿ."

ನಾನು ಅವಳೆದುರು ಕುಕ್ಕರಿಸಿದೆ. "ಯಾರ್ಯಾರು?"

ಅವಳು ಉಂಡಿ ಕಟ್ಟುತ್ತಲೇ ಹೇಳಿದಳು. ಅವಳ ಅಪ್ಪನಿಗೆ ಐದೂ ಹೆಣ್ಣುಮಕ್ಕಳು. ತವರಿನ ಉಂಡಿ ಒಯ್ಯಲು ಅಣ್ಣತಮ್ಮಂದಿರಿಲ್ಲದ್ದಕ್ಕೆ, ಹಿರಿಯವಳೆಂದು ಮನೆಯಲ್ಲೇ ಉಳಿದ ಆಯಿಯೇ ಎಲ್ಲರಿಗೂ ತವರಾದಳು. ಅರವತ್ತು ವರ್ಷಗಳಿಂದ ತಂಗಿಯರಿಗೆ, ಅವರ ಮತ್ತು ತನ್ನ ಹೆಣ್ಣುಮಕ್ಕಳಿಗೆ ಉಂಡಿ ಕಳಿಸುತ್ತಿದ್ದಳು. ಕಿತ್ತೂರಿನ ತಂಗಿಯ ಮಗ ಸೋಮಪ್ಪ. ಇನ್ನೊಬ್ಬ ತಂಗಿಯ ಮಗಳನ್ನು ಕೊಟ್ಟ ಸವದತ್ತಿಯಲ್ಲಿ ಅಣ್ಣತಮ್ಮ ಇಬ್ಬರು. ರಾಮದುರ್ಗದಲ್ಲಿ ನನ್ನ ಚಿಕ್ಕಮ್ಮನ ಮಗ. ಚಚಡಿಯಲ್ಲಿ ನಿಂಗರಾಜ. ಇವರಿಗೆಲ್ಲ ಮೊದಲು, ಆಯಿಯ ಸೋದರಮಾವ. ನಾನು ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ವೃತ್ತದಿಂದ ವೃತ್ತಕ್ಕೆ ಗೆರೆ ಎಳೆದೆ. ಹಲ್ಲಿಲ್ಲದವರ ಆರು ಚೌಕಗಳು ಕಪ್ಪಾದವು, ಆರೂ ವೃತ್ತಗಳ ಕೆಳಗೇ ಬಂದವು.

"ಇಷ್ಟ ದಿನ ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರು? ಹೆಣಮಕ್ಕಳ ಲಗ್ನ ನಿಲ್ಲತಾವಂತ ಎಲ್ಲಾರೂ ಮುಚ್ಚಿಟ್ಟೇವಿ." ಅವಳು ಹಾಳೆಯ ಕಡೆ ನೋಡಿದಳು. ಓದು ಬಾರದಿದ್ದರೂ ಗೆರೆ ತಿಳಿಯಿತು. ಕೈ ನಿಂತಿತು. "ಅಂದ್ರ ಇದು ನಮ್ಮಿಂದ ಬಂತೇನ?"

"ಬಂದದ್ದ ನಮ್ಮಿಂದ, ಆಯಿ. ಅದರಾಗ ನಿನ್ನ ತಪ್ಪಿಲ್ಲ. ಆದ್ರ ನಿಂಗರಾಜಗ ಹಲ್ಲು ಬಂದ್ರ ಅವು ನಿನ್ನಿಂದನ ಬರತಾವ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಬೆಲ್ಲಕ್ಕೆ ಕೈ ಹಾಕಿದಳು. ನಾನೂ ಅತ್ತೆ.

ಆ ಪಂಚಮಿಯಲ್ಲಿ ಉಂಡಿ ಡಬ್ಬಿಗಳನ್ನು ನಾನೇ ಒಯ್ದೆ. ಜೊತೆಗೆ ಉಗುಳು ಸಂಗ್ರಹಿಸುವ ಕೊಳವೆಗಳು. ಸವದತ್ತಿ, ರಾಮದುರ್ಗದಲ್ಲಿ ತಕರಾರಿಲ್ಲದೆ ಕೊಟ್ಟರು. ಕಿತ್ತೂರಿನಲ್ಲಿ ದೊಡ್ಡ ಮೀಸೆಯ ಸೋಮಪ್ಪ ಮಾವ ಮಾತ್ರ ಮುಖ ತಿರುಗಿಸಿದ. ನಲವತ್ತು ವರ್ಷ ಮೀಸೆಯ ಹಿಂದೆ ಬಚ್ಚಿಟ್ಟದ್ದನ್ನು ಊರಿಗೆ ತೋರಿಸಲಾರೆ ಎಂದ. ಆಯಿಗೆ ಫೋನು ಹಚ್ಚಿ ಅವನ ಕಿವಿಗಿಟ್ಟೆ.

"ಸೋಮ್ಯಾ, ಹುಟ್ಟಿದಾಗಿಂದ ನನ್ನ ತಂಬಿಟ್ಟ ತಿಂದಿ," ಎಂದ ಅವಳ ದನಿ ನನಗೂ ಕೇಳಿಸಿತು. "ಒಂದ ಸಲ ಉಗಳಾಕ ಏನ್ ಧಾಡಿ ನಿನಗ?"

ಸೋಮಪ್ಪ ಮಾವ ಕೊಳವೆ ಇಸಕೊಂಡ. ತನ್ನ ಇಬ್ಬರು ಗಂಡುಮಕ್ಕಳನ್ನೂ ಕರೆದು ಉಗುಳಿಸಿದ. ಇಬ್ಬರಿಗೂ ಬಾಯಿ ತುಂಬ ಹಲ್ಲು.

ಇನ್ನು ಉಳಿದದ್ದು ಆಯಿಯ ಸತ್ತುಹೋದ ಸೋದರಮಾವ. ಆಯಿಯ ಅವ್ವನ ಮದುವೆಯ ಫೋಟೋದಲ್ಲಿ ಹದಿನೇಳು ಗಂಡಸರಿದ್ದರು, ಎಲ್ಲರದೂ ಬಿಗಿದ ಬಾಯಿ. ಆಗಿನವರು ಫೋಟೋಕ್ಕೆ ನಗುತ್ತಿರಲಿಲ್ಲವಲ್ಲ. ಬೈಲಹೊಂಗಲದ ಸಂಜು, ಕಂಪ್ಯೂಟರ್ ವಿಭಾಗದ ನನ್ನ ಗೆಳೆಯ, ಮುಚ್ಚಿದ ತುಟಿಯ ಆಕಾರದಿಂದಲೇ ಒಳಗಿನ ದವಡೆಯನ್ನು ಅಂದಾಜು ಮಾಡಲು ಯಂತ್ರಕ್ಕೆ ಎರಡು ವರ್ಷದಿಂದ ಕಲಿಸುತ್ತಿದ್ದ. ಹಿಂದಿನ ತಿಂಗಳು ಅದು ಅವನ ಸ್ವಂತ ಅಪ್ಪನನ್ನೇ ಬೊಚ್ಚಬಾಯಿ ಎಂದಿತ್ತು, ನಾವೆಲ್ಲ ಅವನನ್ನು ಬೇಕಾದಷ್ಟು ಕಾಡಿಸಿದ್ದೆವು. ಸೋದರಮಾವ ಯಾರೆಂದು ನಾನು ಅವನಿಗೆ ಹೇಳಲಿಲ್ಲ, ಫೋಟೋ ಮಾತ್ರ ಕೊಟ್ಟೆ.

ದಸರಾ ಮುಗಿದ ಸೋಮವಾರ ಸಭೆ. ನಿಂಗರಾಜ ಹೊರಗೆ ಬೆಂಚಿನ ಮೇಲೆ ಬಾಯಿಗೆ ಕರವಸ್ತ್ರ ಹಿಡಿದು ಕುಳಿತಿದ್ದ. ಒಳಗೆ ನಾನು ಕ್ಯಾಲೆಂಡರಿನ ಹಾಳೆಯನ್ನೇ ಗೋಡೆಗೆ ಅಂಟಿಸಿದೆ. ಬದುಕಿರುವ ಐವರಲ್ಲೂ ಅದೇ ಅಕ್ಷರ ಬದಲಾಗಿತ್ತು. ಸೋಮಪ್ಪನ ಮಕ್ಕಳಲ್ಲಿ ಬದಲಾಗಿರಲಿಲ್ಲ. ಯಶೋಧಾ ಮೇಡಂ ಐವರನ್ನೂ ಕರೆಸಿ ತಾವೇ ತೆಗೆದ ಎಕ್ಸ್‌ರೇಗಳನ್ನು ಸಾಲಾಗಿ ಇಟ್ಟರು. ಐದು ದವಡೆಗಳಲ್ಲೂ ಉಳಿದದ್ದು ಹೆಚ್ಚುಕಡಿಮೆ ಅವೇ ಹಲ್ಲುಗಳು. ಕೊನೆಗೆ ಸಂಜು ಪರದೆಯ ಮೇಲೆ ಮದುವೆಯ ಫೋಟೋ ಹಾಕಿದ. ಹದಿನೇಳು ಗಂಡಸರಲ್ಲಿ ಯಂತ್ರ ಒಬ್ಬನ ಮುಖಕ್ಕಷ್ಟೇ ಗುರುತು ಹಾಕಿತ್ತು, ಎಡದಿಂದ ಮೂರನೆಯವನು. ನಾನು ಆಯಿಗೆ ಅಲ್ಲಿಂದಲೇ ಫೋನು ಮಾಡಿ ಸ್ಪೀಕರ್ ಹಚ್ಚಿದೆ.

"ಆಯಿ, ಫೋಟೋದಾಗ ನಿಮ್ಮ ಸೋದರಮಾವ ಎಲ್ಲಿ ನಿಂತಾನ?"

"ಎಡಕ್ಕ ಮೂರನೇದಂವ. ತಲಿಗೆ ಸುತ್ತಿದ ರುಂಬಾಲ ಸೊಟ್ಟ ಆಗೇತಿ ನೋಡ."

ಸಂಜು ಕುರ್ಚಿಯಿಂದ ಎದ್ದೇ ನಿಂತ. ಮೇಡಂ ಹಾಳೆಯ ಹತ್ತಿರ ಹೋಗಿ ಕಪ್ಪು ಚೌಕಗಳ ಮೇಲೆ ಬೆರಳಾಡಿಸಿದರು.

"ಇಷ್ಟೆಲ್ಲಾ ನಿಮ್ಮ ಆಯಿ ಎಲ್ಲಿ ಬರದಿಟ್ಟಿದ್ರು?"

"ಉಂಡಿ ಡಬ್ಬಿಯೊಳಗ್ರಿ," ಎಂದೆ.

ಅವರು ನಕ್ಕರು. ಪಟ್ಟಿಯಲ್ಲಿ ನಮ್ಮ ಕುಟುಂಬದ ಹೆಸರನ್ನು ತಾವೇ ಬರೆದು, ಪ್ರಬಂಧದಲ್ಲಿ ಸಾವಿತ್ರೆವ್ವನ ಹೆಸರು ಇರಲೇಬೇಕೆಂದರು. ನಾನು ಬಾಗಿಲು ತೆರೆದೆ. ನಿಂಗರಾಜ ನನ್ನ ಮುಖ ನೋಡಿಯೇ ಕರವಸ್ತ್ರ ಕೆಳಗಿಳಿಸಿದ.

ಎಲುಬು ಕೂಡಿ ಹಲ್ಲು ಭದ್ರವಾಗಲು ಒಂಬತ್ತು ತಿಂಗಳು ಹಿಡಿಯಿತು. ಈಗ ಅವನು ಸವದತ್ತಿಯ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಾನೆ, ಮಕ್ಕಳ ಕಡೆ ಮುಖ ಮಾಡಿ. ಪರಶು ಬಂದು ಆ ಹಾಳೆಯ ವೃತ್ತಗಳನ್ನೆಲ್ಲ ತನ್ನ ಪುಸ್ತಕಕ್ಕೆ ಇಳಿಸಿಕೊಂಡು ಹೋದ.

ಈ ಪಂಚಮಿಗೆ ಇಬ್ಬರೂ ಮುನವಳ್ಳಿಗೆ ಹೋದೆವು. ಆಯಿ ಅಭ್ಯಾಸಬಲದಿಂದ ನಮ್ಮ ಡಬ್ಬಿಗೆ ತಂಬಿಟ್ಟು ತುಂಬಿಟ್ಟಿದ್ದಳು. ನಿಂಗರಾಜ ಅವಳೆದುರು ಕುಳಿತು, ಶೇಂಗಾ ಉಂಡಿಗಳಲ್ಲಿ ದೊಡ್ಡದೊಂದನ್ನು ಆರಿಸಿ ಕಟಕ್ಕೆಂದು ಕಡಿದ. ಆಯಿಯ ಕೈ ಪರಾತದಲ್ಲೇ ನಿಂತಿತು.

"ಇನ್ನೊಮ್ಮೆ ಕಡಿ," ಎಂದಳು.

ಅವನು ಇನ್ನೊಮ್ಮೆ ಕಡಿದ. ಆಯಿ ನಮ್ಮ ಡಬ್ಬಿಯ ತಂಬಿಟ್ಟನ್ನು ಪರಾತಕ್ಕೆ ಸುರಿದು, ಶೇಂಗಾ ಉಂಡಿ ತುಂಬತೊಡಗಿದಳು.